ಕಣದಲ್ಲಿ ಒಣಗಿದ ಹಕ್ಕಿ ಪುಸ್ತಕ

ಒದ್ದೆಯಾದದ್ದನ್ನು ಒಣಗಿಸುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೋಣಿಬೀಡಿನ ಹತ್ತಿರ ಐದೆಕರೆ ಕಾಫಿ ತೋಟ ಇಟ್ಟುಕೊಂಡು ಮೂವತ್ತು ವರ್ಷದಿಂದ ನಾನು ಮಾಡುತ್ತಿರುವುದೇ ಅದು. ಹಣ್ಣು ಕೊಯ್ಯಿಸಿ, ಪಲ್ಪರಿಗೆ ಹಾಕಿ ಸಿಪ್ಪೆ ಬಿಡಿಸಿ, ಲೋಳೆ ಹೋಗುವ ತನಕ ತೊಳೆದು, ಕಣದಲ್ಲಿ ಹರಡಿ ಒಣಗಿಸಿದರೆ ಪಾರ್ಚ್‌ಮೆಂಟ್ ಕಾಫಿ ಸಿದ್ಧ. ಈ ಕೆಲಸದಲ್ಲಿ ನನ್ನನ್ನು ಮೀರಿಸುವವರು ಊರಲ್ಲೇ ಇಲ್ಲ ಅಂತ ನಾನೇ ಹಲವು ಸಲ ಹೇಳಿದ್ದೇನೆ. ಹಾಗಾಗಿ ಗ್ರಂಥಾಲಯದ ಪುಸ್ತಕ ಒದ್ದೆಯಾದಾಗ ನಾನು ಗಾಬರಿಯಾಗಲಿಲ್ಲ. ಗಾಬರಿಯಾಗಿದ್ದರೆ ಒಳ್ಳೆಯದಿತ್ತು.

ಪುಸ್ತಕ ನನ್ನದಲ್ಲ, ಹೆಂಡತಿ ವನಜ ತಂದದ್ದು. ಚಿಕ್ಕಮಗಳೂರಿನಲ್ಲಿ ಹೊಸದಾಗಿ ದೊಡ್ಡ ಗ್ರಂಥಾಲಯ ಆಗಿದೆ. ಗಾಜಿನ ಕಟ್ಟಡ, ಲಿಫ್ಟು, ಪುಸ್ತಕ ಕೊಡುವುದಕ್ಕೂ ವಾಪಸು ತೆಗೆದುಕೊಳ್ಳುವುದಕ್ಕೂ ಮಷೀನು. ವನಜ ಅಲ್ಲಿ ಕಾರ್ಡು ಮಾಡಿಸಿದ ಮೇಲೆ ತಿಂಗಳಿಗೆ ಎರಡು ಸಲ ಬಸ್ಸು ಹತ್ತುತ್ತಾಳೆ. ಈ ಸಲ ತಂದದ್ದು ಮಲೆನಾಡಿನ ಹಕ್ಕಿಗಳ ದಪ್ಪ ಪುಸ್ತಕ. ಹೊಳೆಯುವ ಹಾಳೆ, ಪುಟಕ್ಕೊಂದು ಬಣ್ಣದ ಚಿತ್ರ.

ಅದಕ್ಕೆ ಕಾರಣವೂ ಇತ್ತು. ಅಲ್ಲಿನ ಓದುಗರ ಕೂಟದವರು, ನಿಮ್ಮ ತೋಟದ ಹಕ್ಕಿಗಳ ಬಗ್ಗೆ ಭಾನುವಾರ ಅರ್ಧ ಗಂಟೆ ಮಾತಾಡಿ, ಚಿತ್ರಗಳನ್ನು ದೊಡ್ಡ ಪರದೆ ಮೇಲೆ ತೋರಿಸೋಣ ಅಂದಿದ್ದರು. ವನಜ ಅಲ್ಲಿಯ ತನಕ ಮೈಕಿನ ಮುಂದೆ ನಿಂತವಳೇ ಅಲ್ಲ. ವಾರವಿಡೀ ಒಗ್ಗರಣೆ ಹಾಕುತ್ತಾ ಸೌಟು ಹಿಡಿದು ಭಾಷಣ ಅಭ್ಯಾಸ ಮಾಡಿದಳು. ತಾನು ಹೇಳಬೇಕಾದ ಪುಟಗಳಿಗೆಲ್ಲ ಚೀಟಿ ಇಟ್ಟಳು. ಗುರುವಾರ ಕಳಸದಲ್ಲಿರುವ ತಂಗಿ ಮನೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದಳು:

"ಭಾನುವಾರ ನಾನು ಕಳಸದಿಂದ್ಲೇ ಬಸ್ಸಿಗೆ ಬರ್ತೀನಿ. ನೀವು ಪುಸ್ತಕ ತಗೊಂಡ್ ಬಂದ್ರೆ ಸಾಕು. ಬೇರೆ ಏನೂ ಮಾಡ್ಬೇಡಿ."

"ಅಷ್ಟೇ ತಾನೆ? ಅದೇನ್ ದೊಡ್ಡ ಕೆಲಸ ಮಾರಾಯ್ತಿ."

"ನೀವು ಹೀಗಂದಾಗ್ಲೇ ನಂಗೆ ಹೆದರಿಕೆ ಆಗೋದು."

ಶುಕ್ರವಾರ ನನಗೊಂದು ಸದ್ಬುದ್ಧಿ ಬಂತು. ಹುಟ್ಟಿದಾಗಿನಿಂದ ಈ ಹಕ್ಕಿಗಳ ನಡುವೆ ಇರುವವನು ನಾನು. ಹೆಂಡತಿಯ ಭಾಷಣದಲ್ಲಿ ತಪ್ಪಿದ್ದರೆ ತಿದ್ದುವುದು ನನ್ನ ಕರ್ತವ್ಯವಲ್ಲವೇ? ಪುಸ್ತಕ ಹಿಡಿದುಕೊಂಡು ಪಲ್ಪರಿನ ಪಕ್ಕದ ತೊಟ್ಟಿಯ ಕಟ್ಟೆ ಮೇಲೆ ಕೂತೆ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯ ಚಿತ್ರ ಬರುವ ಹೊತ್ತಿಗೆ ನಮ್ಮ ಮೇಸ್ತ್ರಿ ರುದ್ರಪ್ಪ, "ಗೌಡ್ರೆ, ಪಲ್ಪರ್ ಬೆಲ್ಟ್ ಜಾರ್ತು" ಅಂತ ಕೂಗಿದ. ನಾನು ತಿರುಗಿದೆ. ಬೆಲ್ಟಿನ ಜೊತೆ ಪುಸ್ತಕವೂ ಜಾರಿ, ಸಿಪ್ಪೆ ಬಿಡಿಸಿದ ಕಾಫಿ ಲೋಳೆಗಟ್ಟಿ ಕೂತಿದ್ದ ತೊಟ್ಟಿಗೆ ಬಿತ್ತು.

ತೆಗೆದರೆ ಕೈಯಲ್ಲಿ ನಿಲ್ಲುತ್ತಿಲ್ಲ, ಅಷ್ಟು ಅಂಟು, ಅಷ್ಟೇ ಜಾರು.

"ಬಟ್ಟೇಲಿ ಒರೆಸಿ ಇಡಿ ಗೌಡ್ರೆ, ಸಾಕು" ಅಂದ ರುದ್ರಪ್ಪ.

"ಲೋಳೆ ಬಿಡ್ಬಾರ್ದು ಕಣೋ. ಲೋಳೆ ಉಳಿದ್ರೆ ಮಾಲು ಕೆಡ್ತದೆ."

ಮೂರು ನೀರಿನಲ್ಲಿ ತೊಳೆದೆ. ಮೂರನೇ ನೀರಿಗೆ ಲೋಳೆ ಪೂರ್ತಿ ಹೋಯಿತು, ಜೊತೆಗೆ ರಟ್ಟಿನ ಮೇಲಿದ್ದ ಹೆಸರೂ ಹೋಯಿತು. ಆಮೇಲೆ ಕಣಕ್ಕೆ ತಂದು ಪಾರ್ಚ್‌ಮೆಂಟಿನ ಪಕ್ಕದಲ್ಲೇ ಬಿಡಿಸಿ ಇಟ್ಟೆ. ಕಸ ಆರಿಸದೆ ಒಣಗಿಸುವುದು ನಮ್ಮ ಪದ್ಧತಿಯಲ್ಲ. ಒಳಗೆ ನೆನೆದು ಮುದ್ದೆಯಾಗಿದ್ದ ಚೀಟಿಗಳನ್ನೆಲ್ಲ ಒಂದೂ ಬಿಡದೆ ಆರಿಸಿ ಎಸೆದೆ. ಕೊನೆಯ ಪುಟದಲ್ಲಿ ತಂತಿಯ ಗೆರೆಗಳಿದ್ದ ಸ್ಟಿಕ್ಕರೊಂದು ಅರ್ಧ ಎದ್ದಿತ್ತು. ಅದನ್ನೂ ಕಿತ್ತೆ. ಅರ್ಧ ಗಂಟೆಗೊಮ್ಮೆ ಹೋಗಿ ಪುಟ ಮಗುಚಿದೆ. ಸಂಜೆ ಕಾಫಿಗೆ ಟಾರ್ಪಾಲು ಹೊದೆಸುವಾಗ ಪುಸ್ತಕವನ್ನೂ ರಾಶಿಯೊಳಗೆ ಸೇರಿಸಿ ಬೆಚ್ಚಗೆ ಮುಚ್ಚಿದೆ.

ಅಷ್ಟರಲ್ಲಿ ವನಜಳ ಫೋನು. "ಪುಸ್ತಕ ಹುಷಾರಾ?"

"ಚೆನ್ನಾಗಿ ಒಣ... ಚೆನ್ನಾಗಿದೆ."

ಶನಿವಾರ ಬೆಳಿಗ್ಗೆ ನೋಡಿದರೆ ಪುಟಗಳು ಒಂದಕ್ಕೊಂದು ಅಂಟಿಕೊಂಡು ಹಲಗೆಯಾಗಿದ್ದವು. ಅಡುಗೆಮನೆಯ ಚಾಕು ತಂದು ಬಿಡಿಸಿದೆ. ಪುಟ ಬಿಟ್ಟಿತು, ಚಿತ್ರ ಬಿಡಲಿಲ್ಲ. ಮಂಗಟ್ಟೆಯ ಕೊಕ್ಕು ಎದುರು ಪುಟದ ಪುಟ್ಟ ಪಿಕಳಾರ ಹಕ್ಕಿಯ ಮುಖಕ್ಕೆ ಹೋಗಿ ಕೂತಿತು. ನವಿಲಿನ ಬಾಲ ಮರಕುಟಿಗನಿಗೆ ದಕ್ಕಿತು. ಗೂಬೆಗೆ ಮಾತ್ರ ಏನೂ ಆಗಲಿಲ್ಲ, ಅದು ನನ್ನನ್ನೇ ನೋಡುತ್ತಿತ್ತು.

ಇನ್ನು ಒಣಗಿದೆಯೇ ಎಂಬ ಪರೀಕ್ಷೆ. ಕಾಫಿ ಕಾಳಾದರೆ ಹಲ್ಲಲ್ಲಿ ಕಚ್ಚಿ ನೋಡುತ್ತೇವೆ. ಕಟ್ ಅಂದರೆ ಒಣಗಿದೆ ಅಂತ ಲೆಕ್ಕ. ಪುಟದ ಒಂದು ಮೂಲೆ ಕಚ್ಚಿದೆ. ಕಟ್ ಅನ್ನಲಿಲ್ಲ. ಬೇರೆ ಪುಟದ ಮೂಲೆ ಕಚ್ಚಿದೆ. ಅಭ್ಯಾಸ ಬಲ, ನಾಲ್ಕೈದು ಕಡೆ ಕಚ್ಚಿದೆ. ಸಂಜೆ ತನಕ ಬಿಸಿಲಿಗಿಟ್ಟು, ನೆಟ್ಟಗಾಗಲಿ ಅಂತ ಅದರ ಮೇಲೆ ಒಂದು ಮೂಟೆ ಪಾರ್ಚ್‌ಮೆಂಟ್ ಹೇರಿದೆ. ಭಾನುವಾರ ಮೂಟೆ ಇಳಿಸಿದ ಕೂಡಲೇ ಪುಸ್ತಕ ಹಾರ್ಮೋನಿಯಂ ತರ ಉಸಿರೆಳೆದುಕೊಂಡು ಮೂರು ಪಟ್ಟು ಉಬ್ಬಿತು. ಕೈಚೀಲಕ್ಕೆ ಹಿಡಿಯಲಿಲ್ಲ. ಗೋಣಿಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ.

ವನಜ ಬರುವುದಕ್ಕೆ ಸ್ವಲ್ಪ ಮೊದಲೇ ಗ್ರಂಥಾಲಯ ತಲುಪಿದೆ. ಯೋಜನೆ ಸರಳವಾಗಿತ್ತು. ಅಷ್ಟು ದೊಡ್ಡ ಕಟ್ಟಡದಲ್ಲಿ ಇದೇ ಪುಸ್ತಕದ ಇನ್ನೊಂದು ಪ್ರತಿ ಇರದೇ ಇರುತ್ತದೆಯೇ? ಬಾಗಿಲಲ್ಲಿದ್ದ ಕಂಪ್ಯೂಟರಿನಲ್ಲಿ ಹುಡುಕಿದೆ. ಇರುವುದು ಒಂದೇ ಪ್ರತಿ, ಓದುಗರ ಬಳಿ ಇದೆ ಅಂತ ತೋರಿಸಿತು. ಆ ಓದುಗರ ಗಂಡ ನಾನೇ.

ಸರಿ, ಅವಧಿಯನ್ನಾದರೂ ವಿಸ್ತರಿಸೋಣ ಅಂತ ಪುಸ್ತಕವನ್ನು ಮಷೀನಿನ ತಟ್ಟೆ ಮೇಲಿಟ್ಟೆ. ಅದು ಸ್ವಲ್ಪ ಹೊತ್ತು ಯೋಚಿಸಿ, ಇದು ಗ್ರಂಥಾಲಯದ ಪುಸ್ತಕವಲ್ಲ ಎಂದು ಪರದೆ ಮೇಲೆ ಬರೆಯಿತು. ಒಂದು ಕ್ಷಣ ನನಗೆ ಭಾರೀ ಆಸೆಯಾಯಿತು. ಮಷೀನೇ ಕೈಬಿಟ್ಟ ಮೇಲೆ ಕೇಳುವವರು ಯಾರು?

"ಏನ್ ಸರ್ ಇದು?" ಅಂತ ಹಿಂದಿನಿಂದ ಕೇಳಿದವರು ಗ್ರಂಥಪಾಲಕಿ. ಕನ್ನಡಕದ, ಸಣ್ಣ ವಯಸ್ಸಿನ ಹೆಣ್ಣುಮಗಳು.

"ಪುಸ್ತಕ ಮೇಡಂ."

ಅವರು ಪುಟ ತಿರುಗಿಸಿದರು. ಕಾಫಿಯ ಹುಳಿ ವಾಸನೆ ಗಮ್ಮೆಂದಿತು. "ಇದರ ಚಿಪ್ ಎಲ್ಲಿ ಸರ್? ಸ್ಟಿಕ್ಕರ್ ಇತ್ತಲ್ಲ?"

"ಕಸ ಅಂತ ಆರಿಸಿದೆ."

"ಮೂಲೆಯೆಲ್ಲ ಇಲಿ ಕಚ್ಚಿದೆ."

"ಇಲಿ ಅಲ್ಲ ಮೇಡಂ. ನಾನು."

ಅವರು ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿದರು. ಬೇರೆ ದಾರಿಯಿಲ್ಲದೆ ತೊಟ್ಟಿಯಿಂದ ಮೂಟೆಯ ತನಕ ಪೂರ್ತಿ ಕತೆ ಒಪ್ಪಿಸಿದೆ. ಮುಗಿಸಿ ತಿರುಗಿದರೆ ಹಿಂದೆ ವನಜ ನಿಂತಿದ್ದಳು. ಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನನ್ನ ಚೀಟಿಗಳು?" ಅಂದಳು.

ನಾನು ಖಾಲಿ ಗೋಣಿಚೀಲ ಮಡಚತೊಡಗಿದೆ.

"ಇಷ್ಟು ಜನ ಬಂದಿದಾರೆ. ಇದನ್ನ ಹಿಡ್ಕೊಂಡು ಏನಂತ ಮಾತಾಡ್ಲಿ ನಾನು?" ಅವಳ ಕಣ್ಣು ತುಂಬಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ಅಷ್ಟರಲ್ಲಿ ಒಳಗೆ ಅವಳ ಹೆಸರು ಕರೆದರು. ವನಜ ಕಣ್ಣೊರೆಸಿಕೊಂಡು, ಆ ಉಬ್ಬಿದ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನಡೆದಳು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಮಕ್ಕಳು. ನಾನು ಮೂರನೇ ಸಾಲಿನಲ್ಲಿ, ಕೋಟು ಹಾಕಿದ್ದ ಒಬ್ಬ ಹಿರಿಯರ ಪಕ್ಕ ಕೂತೆ. ಗ್ರಂಥಪಾಲಕಿ ಪುಸ್ತಕವನ್ನು ಕ್ಯಾಮೆರಾ ಕೆಳಗಿಟ್ಟರು. ಗೋಡೆಯಗಲದ ಪರದೆ ಮೇಲೆ ಮಂಗಟ್ಟೆಯ ಕೊಕ್ಕು ಹೊತ್ತ ಪಿಕಳಾರ ಎದ್ದು ನಿಂತಿತು. ವನಜ ಪರದೆ ನೋಡಿದಳು, ಮೈಕು ನೋಡಿದಳು, ಗಂಟಲು ಸರಿ ಮಾಡಿಕೊಂಡಳು.

"ಈ ಹಕ್ಕಿ ನಮ್ಮ ಮನೆ ಕಣದಲ್ಲಿ ಮಾತ್ರ ಸಿಗೋದು" ಅಂದಳು. "ನಮ್ಮ ಯಜಮಾನ್ರು ತೊಳೆದು ಒಣಗಿಸಿದ್ದು."

ಸಭೆ ಗೊಳ್ಳೆಂದಿತು. ಅಲ್ಲಿಂದ ಅವಳನ್ನು ಹಿಡಿಯುವವರೇ ಇರಲಿಲ್ಲ. ಲೋಳೆ, ಮೂರು ನೀರು, ಟಾರ್ಪಾಲು, ಕಚ್ಚಿದ್ದು, ಒಂದೂ ಬಿಡಲಿಲ್ಲ. ಆಮೇಲೆ ಒಂದೊಂದೇ ಪುಟ ತೆರೆದು, "ಈ ಬಾಲ ಯಾರದು ಹೇಳಿ" ಅಂತ ಮಕ್ಕಳನ್ನು ಕೇಳಿದಳು. ಮಕ್ಕಳು ಕುರ್ಚಿ ಮೇಲೆ ಹತ್ತಿ ಕೂಗಿದರು. ಯಾವ ಹಕ್ಕಿಗೆ ಅಂಥ ಕೊಕ್ಕು ಯಾಕೆ, ಯಾವುದು ಯಾವ ಮರದ ಹಣ್ಣಿಗೆ ಬರುತ್ತದೆ, ಎಲ್ಲ ಹೇಳಿದಳು. ಅರ್ಧ ಗಂಟೆಯ ಭಾಷಣ ಒಂದು ಗಂಟೆ ದಾಟಿತು. ಹುಡುಕಿದೆ, ತಿದ್ದುವುದಕ್ಕೆ ನನಗೆ ಒಂದು ತಪ್ಪೂ ಸಿಗಲಿಲ್ಲ. ಹೆಮ್ಮೆಯಿಂದ ಎದೆ ಉಬ್ಬಿತು.

ಪಕ್ಕದ ಹಿರಿಯರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಾ ನನ್ನ ಕಡೆ ಬಾಗಿದರು. "ಎಂಥಾ ಗಂಡ ಮಾರಾಯ್ರೆ ಅದು? ಪುಸ್ತಕ ಕಚ್ಚಿ ನೋಡೋದು ಅಂದ್ರೆ!"

"ಯಾರೋ ಬಯಲುಸೀಮೆಯವ್ರಿರ್ಬೇಕು" ಅಂದೆ.

"ಬಯಲುಸೀಮೆಯವ್ರಿಗೆ ಕಾಫಿ ಕಣ ಎಲ್ಲಿಂದ ಬರ್ತದೆ?"

ಅಷ್ಟರಲ್ಲೇ ವೇದಿಕೆಯಿಂದ ವನಜಳ ದನಿ ಕೇಳಿಸಿತು. "ಅವ್ರು ಇಲ್ಲೇ ಮೂರನೇ ಸಾಲಲ್ಲಿ ಕೂತಿದಾರೆ. ರೀ, ಒಂದ್ಸಲ ಎದ್ದು ನಿಲ್ಲಿ."

ಎದ್ದು ನಿಂತು ಕೈ ಮುಗಿದೆ. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಪಕ್ಕದ ಹಿರಿಯರು ಮಾತ್ರ ತಟ್ಟಲಿಲ್ಲ. ನಮ್ಮಿಬ್ಬರ ನಡುವೆ ಇಟ್ಟುಕೊಂಡಿದ್ದ ತಮ್ಮ ಪುಸ್ತಕವನ್ನು ಮೆಲ್ಲಗೆ ತೆಗೆದು ಆಚೆ ಕಡೆ ಇಟ್ಟುಕೊಂಡರು.