ಮೆಂತ್ಯದ ಮಡಿಯ ಹುಳಗಳಿಗೊಂದು ಜಾಹೀರು ನೋಟೀಸು

ಅಥಣಿ,
ಸಂಕ್ರಮಣದ ಮರುದಿನ, ಜನವರಿ ೧೯೯೨

ನಮ್ಮ ಹಿತ್ತಲಿನ ಮೆಂತ್ಯದ ಮಡಿಯಲ್ಲಿ ಸಹಕುಟುಂಬ ವಾಸವಾಗಿರುವ ಹಸಿರು ಹುಳದವರ ಸನ್ನಿಧಿಗೆ,

ಮಾನ್ಯರೇ,

ಮೊದಲಿಗೆ ತಮಗೂ ತಮ್ಮ ಸಮಸ್ತ ಪರಿವಾರಕ್ಕೂ ಸಂಕ್ರಮಣದ ಶುಭಾಶಯಗಳು. ಎಳ್ಳು ಬೆಲ್ಲ ಕೊಟ್ಟು ಎಳ್ಳು ಬೆಲ್ಲದಂತೆ ಇರೋಣ ಎನ್ನುವುದು ನಮ್ಮ ಕಡೆಯ ರೂಢಿಯಾದ್ದರಿಂದ ನಿನ್ನೆ ತಮ್ಮ ಮಡಿಯ ಬದುವಿನ ಮೇಲೂ ಒಂದು ಚಿಟಿಕೆ ಕುಸುರೆಳ್ಳು ಇಟ್ಟಿದ್ದೆ. ತಾವು ಅದನ್ನು ಉದಾರವಾಗಿ ಇರುವೆಗಳಿಗೆ ಬಿಟ್ಟುಕೊಟ್ಟು, ಪಕ್ಕದ ಮೆಂತ್ಯವನ್ನು ಮಾತ್ರ ಸ್ವೀಕರಿಸಿದಿರಿ. ತಮ್ಮ ಆರೋಗ್ಯ ಹೇಗಿದೆ ಎಂದು ಕೇಳುವ ಅಗತ್ಯ ಕಾಣುವುದಿಲ್ಲ. ಹೋದ ವಾರ ನನ್ನ ಕಿರುಬೆರಳಿನ ಉಗುರಿನಷ್ಟಿದ್ದವರು ಈ ವಾರ ಇಡೀ ಕಿರುಬೆರಳಿನಷ್ಟಾಗಿದ್ದೀರಿ.

ನನ್ನ ಪರಿಚಯ ಹೇಳುವುದಾದರೆ, ನಾನು ಇಲ್ಲಿಯ ತಾಲೂಕು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕಾರಕೂನನಾಗಿದ್ದು, ಹೊಲದ ಹಕ್ಕಿನ ಉತಾರ, ಬದುವಿನ ಜಗಳ, ಅಣ್ಣತಮ್ಮಂದಿರ ಆಸ್ತಿ ಪಾಲಿನ ವಾಟ್ನಿ ಇವುಗಳ ಕಾಗದ ಬರೆದೇ ತಲೆ ಬೆಳ್ಳಗೆ ಮಾಡಿಕೊಂಡವನು. ಬೇರೆಯವರಾಗಿದ್ದರೆ ತಮ್ಮ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತಿದ್ದರು. ನಾವು ಜೈನರು, ತಮ್ಮ ಮೇಲೆ ನಾವು ಎತ್ತಬಹುದಾದದ್ದು ಪೆನ್ನು ಒಂದೇ ಆದ್ದರಿಂದ ಈ ಪತ್ರ.

ತಾವು ತಿನ್ನುತ್ತಿರುವ ಮೆಂತ್ಯ ಯಾರಿಗಾಗಿ ಬೆಳೆದದ್ದು ಎಂಬುದು ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಅದು ನಮ್ಮ ತಾಯಿ ರಾಜಮತಿಯವರಿಗಾಗಿ. ಅವರಿಗೆ ಎಪ್ಪತ್ತನಾಲ್ಕು ವರ್ಷ. ಎರಡು ವರ್ಷದ ಹಿಂದೆ, ಚಾತುರ್ಮಾಸ ಮುಗಿದು ಊರಿನ ನಮ್ಮವರೆಲ್ಲ ಮತ್ತೆ ಸೊಪ್ಪುಸದೆ, ತಪ್ಪಲ ಪಲ್ಲೆ ತಿನ್ನಲು ಶುರು ಮಾಡಿದ ವಾರ, ನಾನು ಸಂತೆಯಿಂದ ತಂದ ಮೆಂತ್ಯದ ಸಿವುಡು ಬಿಚ್ಚಿದಾಗ ಒಳಗೆ ತಮ್ಮ ಬಂಧುಗಳು ಹನ್ನೊಂದು ಮಂದಿ ಸತ್ತು ಮಲಗಿದ್ದರು, ಸೊಪ್ಪೆಲ್ಲ ಔಷಧದ ವಾಸನೆ. ಅವ್ವ ಸಿವುಡನ್ನು ಪಕ್ಕಕ್ಕೆ ಸರಿಸಿ, "ಇಷ್ಟ ಜೀವಾ ತಗದು ನನ್ನ ಹೊಟ್ಟಿ ತುಂಬಸಬೇಕೇನು?" ಎಂದರು. ಜೀವ ಹೋದ ಪಲ್ಲೆ ಇನ್ನು ಬೇಡವೆಂದು ಅಂದೇ ನೇಮ ಹಿಡಿದರು. ನೆಲದೊಳಗೆ ಬೆಳೆಯುವ ಉಳ್ಳಾಗಡ್ಡಿ, ಬಟಾಟಿ, ಗಜ್ಜರಿ ನಮ್ಮ ಮನೆಗೆ ಮೊದಲೇ ಬರುವುದಿಲ್ಲ. ಈಗ ತಪ್ಪಲೂ ಹೋಯಿತು. ಎರಡು ಚಳಿಗಾಲ ರೊಟ್ಟಿ ಮತ್ತು ಬೇಳೆಯಲ್ಲೇ ಕಳೆದವು. ಈಗ ಬಸದಿಯ ಐದು ಮೆಟ್ಟಿಲು ಹತ್ತುವಾಗ ಅವರು ನಡುವೆ ಒಮ್ಮೆ ನಿಲ್ಲುತ್ತಾರೆ. ಮೈಯಲ್ಲಿ ರಕ್ತ ಕಡಿಮೆಯಾಗಿದೆ, ಹಸಿರು ತಪ್ಪಲು ತಿನ್ನಿಸಿ ಎಂದು ಡಾಕ್ಟರು ಹೇಳಿದಾಗ ನನಗೆ ನಿಜವಾಗಿಯೂ ಭಯವಾಯಿತು.

ಆದ್ದರಿಂದ ಈ ಸಲ ದೀಪಾವಳಿ ಮುಗಿದದ್ದೇ ತಡ, ಹುಟ್ಟಿನಿಂದ ಪೆನ್ನು ಬಿಟ್ಟು ಬೇರೇನೂ ಹಿಡಿಯದ ನಾನು ಗುದ್ದಲಿ ಹಿಡಿದು ಹಿತ್ತಲು ಅಗೆದೆ. ಮೆಂತ್ಯ, ಪಾಲಕ, ರಾಜಗಿರಿ ಹಾಕಿ, ಅವರೆಗೆ ಚಪ್ಪರ ಕಟ್ಟಿ, ಬಚ್ಚಲ ನೀರು ತಿರುಗಿಸಿದೆ. ಅವ್ವ ಬಂದು ನೋಡಿ, "ಒಂದೂ ಹುಳಾ ಸಾಯಬಾರದು, ಹಂಗ ಬೆಳದರ ಉಣ್ತೀನಿ" ಎಂದು ಮಾತು ಕೊಟ್ಟರು. ಮೆಂತ್ಯದ ಪಲ್ಲೆ, ಬಿಸಿ ಜೋಳದ ರೊಟ್ಟಿ, ಮೇಲೆ ಬೆಣ್ಣೆ, ಇದರ ಮುಂದೆ ಅವರಿಗೆ ಹೋಳಿಗೆಯೂ ಬೇಡ ಎಂಬುದು ನನಗೆ ಗೊತ್ತು. ಆ ವಾರವೇ ತಾವು ಆಗಮಿಸಿದಿರಿ.

ನಮ್ಮ ಗೋಡೆಯಾಚೆಯ ವಿರುಪಾಕ್ಷಪ್ಪನವರು ದ್ರಾಕ್ಷಿ, ಕಬ್ಬು ಬೆಳೆಯುವ ದೊಡ್ಡ ರೈತರು. ತಮ್ಮ ವಂಶ ನಿಪ್ಪಾಣಿ ಕಡೆಯ ತಂಬಾಕಿನ ಎಲೆ ತಿಂದು ಬೆಳೆದದ್ದೆಂದು ತಿಳಿಸಿದವರು ಅವರೇ. ಹಾಗಿದ್ದಲ್ಲಿ ತಂಬಾಕಿನ ಚಟ ಬಿಟ್ಟು ಮೆಂತ್ಯಕ್ಕೆ ಬಂದ ತಮ್ಮ ಸುಧಾರಣೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಮ್ಮ ಕಚೇರಿಯಲ್ಲಿ ಆ ಚಟ ಬಿಟ್ಟವರು ಇನ್ನೂ ಯಾರೂ ಇಲ್ಲ. ವಿರುಪಾಕ್ಷಪ್ಪನವರು ಬೆನ್ನಿಗೆ ಔಷಧದ ಪಂಪು ಕಟ್ಟಿಕೊಂಡೇ ಗೋಡೆಯ ಮೇಲಿಂದ ಬಗ್ಗಿ, "ಪಾರಿಸಣ್ಣಾರ, ಒಂದ ಪಂಪ ಎಣ್ಣಿ ಹೊಡೀತೀನ್ರಿ, ಸಂಜಿಗೆ ಒಂದೂ ಉಳಿಯೂದಿಲ್ಲ" ಎಂದರು. ಒಳಗಿನಿಂದ ಅವ್ವ, "ನಿನ್ನ ಪಂಪ ನಿನ್ನ ದ್ರಾಕ್ಷಿಗೇ ಇರ್ಲೆಪಾ ವಿರುಪಾಕ್ಷಿ" ಎಂದರು. ತಮ್ಮ ಪ್ರಾಣ ಉಳಿಸಿದವರು ಯಾರು ಎಂಬುದನ್ನು ದಯವಿಟ್ಟು ನೆನಪಿಡಬೇಕು.

ಮುಂದೆ ನನ್ನ ಮನೆಯವರು ಲಕ್ಷ್ಮಿಬಾಯಿ ಬೇವಿನ ತಪ್ಪಲು ಕುದಿಸಿ ನೀರು ತಯಾರಿಸಿದರು. ಬರೀ ಕಹಿ, ಹುಳ ಸಾಯುವುದಿಲ್ಲ, ದೂರ ಹೋಗುತ್ತವೆ ಅಷ್ಟೇ ಎಂದು ನಾನು ವಾದಿಸಿದೆ. "ಸಾಯ್ತಾವೋ ಬಿಡ್ತಾವೋ ಯಾರಿಗ್ಗೊತ್ತು, ಮೊದಲ ನೀ ಒಂದ ತಂಬಿಗಿ ಕುಡದ ತೋರ್ಸು" ಎಂದರು ಅವ್ವ. ಕುಡಿದೆ. ಎರಡು ದಿನ ಪ್ರಕೃತಿ ಅಸ್ವಸ್ಥ ಎಂದು ರಜೆ ಅರ್ಜಿ ಕಳಿಸಿದೆ. ಮೂರನೆಯ ದಿನ ನಾನು ಬದುಕಿದ್ದು ಖಾತ್ರಿಯಾದ ಮೇಲೆ ಅದೇ ನೀರನ್ನು ತಮಗೂ ಚಿಮುಕಿಸಲಾಯಿತು, ತಾವು ಅದನ್ನು ಒಗ್ಗರಣೆಯೆಂದು ತಿಳಿದು ಇನ್ನೂ ರುಚಿಯಾಗಿ ಉಂಡಿರಿ.

ಆ ಮೇಲೆ ತಮ್ಮ ಸ್ಥಳಾಂತರದ ಕಾರ್ಯ ಶುರುವಾಯಿತು. ದಿನಾ ಬೆಳಿಗ್ಗೆ ಅವ್ವ ಕನ್ನಡಕ ಹಾಕಿಕೊಂಡು, ತಮ್ಮ ಮೈಗೆ ನೋವಾಗದಂತೆ ನವಿಲುಗರಿಯ ತುದಿಯಿಂದ ತಮ್ಮನ್ನು ಒಬ್ಬೊಬ್ಬರನ್ನಾಗಿ ಡಬ್ಬಿಗೆ ಇಳಿಸುವುದು, ನಾನು ಸೈಕಲ್ಲಿನ ಮೇಲೆ ಆ ಡಬ್ಬಿಯನ್ನು ಹಳ್ಳದ ದಂಡೆಗೆ ಒಯ್ದು ಬಿಡುವುದು. ಅಲ್ಲಿ ತಮಗೆ ಉಪವಾಸವಾದರೆ ಆ ಪಾಪವೂ ನಮ್ಮದೇ ಎಂದು ಅವ್ವ ಜೊತೆಗೆ ಒಂದು ಹಿಡಿ ಮೆಂತ್ಯದ ಬುತ್ತಿಯನ್ನೂ ಕಟ್ಟುತ್ತಿದ್ದರು. ಒಂದು ದಿನ ತಡವಾಗಿ, ಹಳ್ಳಕ್ಕೆ ಹೋಗದೆ ಡಬ್ಬಿಯನ್ನು ಕಚೇರಿಗೇ ಒಯ್ದುಬಿಟ್ಟೆ. ಮಧ್ಯಾಹ್ನ ನಮ್ಮ ಪಕ್ಕದ ಮೇಜಿನ ಬಾಳಾಸಾಬ, "ಮೆಂತೇಪಲ್ಲೆ ಏನ್ರಿ? ಒಂಚೂರ ನಮಗೂ ಬರ್ಲಿ" ಎಂದು ಸಲುಗೆಯಿಂದ ಡಬ್ಬಿಗೆ ಕೈ ಹಾಕಿದರು. ಅಂದಿನಿಂದ ಅವರು ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ, ಹದಿನಾರು ವರ್ಷದ ಸ್ನೇಹ ತಮ್ಮಿಂದ ಹೋಯಿತು.

ಹೀಗಿರಲು ಅವ್ವ ತಾವೇ ಒಂದು ನ್ಯಾಯ ಮಾಡಿದರು. ಅವರೆ ಚಪ್ಪರದ ಪಕ್ಕ ತಮಗಾಗಿಯೇ ಬೇರೊಂದು ಮೆಂತ್ಯದ ಮಡಿ ಹಾಕಿಸಿ, ಸಾಲಿಗೆಲ್ಲ ಸ್ವತಃ ಕೈಯಾರೆ ನೀರು ಬಿಟ್ಟು, "ಇದ ನಿಮ್ದು, ಅದ ನಮ್ದು, ಸುಮ್ನ ಉಂಡ ಇರ್ರಿ" ಎಂದು ತಮಗೆ ಗಟ್ಟಿಯಾಗಿ ಹೇಳಿದರು. ತಮ್ಮನ್ನೆಲ್ಲ ಮರ್ಯಾದೆಯಿಂದ ಅಲ್ಲಿಗೆ ಇಳಿಸಿದೆವು. ಮರುದಿನ ಬೆಳಕು ಹರಿಯುವುದರೊಳಗೆ ತಾವು ಒಬ್ಬರೂ ಉಳಿಯದಂತೆ ನಮ್ಮ ಮಡಿಗೆ ಹಿಂದಿರುಗಿದ್ದಿರಿ. ಇಂದಿಗೆ ಇಪ್ಪತ್ತಾರು ದಿನ. ನಮ್ಮ ಮಡಿಯಲ್ಲಿ ದಂಟು ಮಾತ್ರ ಉಳಿದಿದೆ. ತಮಗೆಂದು ಹಾಕಿದ ಮಡಿ ಒಂದು ತೂತೂ ಇಲ್ಲದೆ, ಮೊಣಕಾಲಿಗೆ ಬರುವಷ್ಟು ಸೊಂಪಾಗಿ ಬೆಳೆದು, ಹಾದುಹೋಗುವವರನ್ನು ಕೂಗಿ ಕರೆಯುವಂತಿದೆ. ಅದರಿಂದ ನಾಲ್ಕು ಗಿಡ ಕಿತ್ತರೆ ಸಾಕು, ಅವ್ವನ ಊಟವಾಗುತ್ತದೆ. ನಾನು ಮೆಲ್ಲಗೆ ಆ ಮಾತು ಎತ್ತಿದ್ದಕ್ಕೆ ಅವ್ವ, "ಕೊಟ್ಟದ್ದನ್ನ ಹಿಂದ ಇಸ್ಕೊಳ್ಳೂದು ಯಾವ ಧರ್ಮಾನೋ ಪಾರಿಸ?" ಎಂದರು.

ಇದಕ್ಕೆ ಉತ್ತರ ಹೊಳೆದದ್ದು ಕಚೇರಿಯಲ್ಲಿ, ಇಬ್ಬರು ದಾಯಾದಿಗಳ ಕಾಗದ ನೋಡುವಾಗ. ಉತಾರದಲ್ಲಿ ಒಂದು ತುಣುಕು ಇವನ ಹೆಸರಿಗೆ, ಇನ್ನೊಂದು ಅವನ ಹೆಸರಿಗೆ ಇದ್ದರೂ, ಇವನದನ್ನು ಅವನೂ ಅವನದನ್ನು ಇವನೂ ಉಳುತ್ತಿದ್ದರೆ, ಒಂದು ಅದಲಾಬದಲಿ ಕಾಗದ ಮಾಡಿ, ತಕರಾರು ಇದ್ದವರು ಹೇಳಿ ಎಂದು ನೋಟೀಸು ಅಂಟಿಸಿದರೆ ಮುಗಿಯಿತು. ನಮ್ಮ ಮಡಿಯ ಸ್ವಾಧೀನ, ವಹಿವಾಟು ಪೂರ್ತಿ ತಮ್ಮದೇ ಆಗಿರುವುದಕ್ಕೆ ಇಡೀ ಓಣಿ ಸಾಕ್ಷಿಯಿದೆ. ಆದ್ದರಿಂದ ಅದನ್ನು ತಮಗೆ ಶಾಶ್ವತವಾಗಿ ಬಿಟ್ಟುಕೊಟ್ಟು, ತಾವು ಕಾಲಿಡದ ಮಡಿಯನ್ನು ನಾವು ಪಡೆಯುವುದು ಹಿಂದಕ್ಕೆ ಇಸಿದುಕೊಂಡಂತೆ ಅಲ್ಲ, ಬದಲಿ ಮಾಡಿಕೊಂಡಂತೆ ಎಂದು ಅವ್ವನಿಗೆ ವಿವರಿಸಿದೆ. ಅವರು ಎರಡೂ ಮಡಿಗಳನ್ನು ಒಮ್ಮೆ ಸುತ್ತಿ ಬಂದು, "ಅವನ್ನ ಕೇಳ್ದನ ಹೆಂಗ ಬದಲಿ ಆಗ್ತೈತಿ? ಮೊದಲ ತಿಳಿಸಿ ಹೇಳು. ಎಂಟ ದಿನಾ ಹಾದಿ ನೋಡೂಣು" ಎಂದರು.

ಆದಕಾರಣ ಈ ಪತ್ರವನ್ನೇ ಜಾಹೀರು ನೋಟೀಸೆಂದು ತಿಳಿಯತಕ್ಕದ್ದು. ಅವ್ವನ ಅಪ್ಪಣೆಯಂತೆ ಇದನ್ನು ತಮ್ಮೆದುರು ಮೂರು ಸಲ ಗಟ್ಟಿಯಾಗಿ ಓದಿ, ಅವರೆ ಚಪ್ಪರದ ಕಂಬಕ್ಕೆ ಅಂಟಿಸಲಾಗಿದೆ. ಓದುವಾಗ ವಿರುಪಾಕ್ಷಪ್ಪನವರು ಗೋಡೆಯಾಚೆ ಏಕೆ ಅಷ್ಟು ಕೆಮ್ಮಿದರೆಂಬುದು ನನಗೆ ತಿಳಿಯದು. ಇಂದಿನಿಂದ ಎಂಟು ದಿನದೊಳಗೆ ತಮಗೆಂದು ಇಟ್ಟ ಮಡಿಯ ಯಾವುದೇ ಎಲೆಯಲ್ಲಿ ಒಂದೇ ಒಂದು ತೂತು ಕಂಡರೂ ಅದನ್ನು ತಮ್ಮ ತಕರಾರೆಂದು ದಾಖಲಿಸಿ, ಬದಲಿಯನ್ನು ರದ್ದು ಮಾಡಲಾಗುವುದು. ಅಷ್ಟರಲ್ಲಿ ಮೆಂತ್ಯ ಹೂ ಬಿಟ್ಟು ಬಲಿತರೆ ಈ ಚಳಿಗಾಲವೂ ಹೋದಂತೆಯೇ. ತಾವು ದೊಡ್ಡ ಮನಸ್ಸು ಮಾಡಿ ಎಂಟು ದಿನ ಎಲ್ಲಿದ್ದೀರೋ ಅಲ್ಲಿಯೇ ಇರಬೇಕು, ದಂಟು ಸಾಲದಿದ್ದರೆ ತಾವು ಆಗಲೇ ಅರ್ಧ ತಿಂದಿಟ್ಟ ಪಾಲಕ ಇದೆ, ರಾಜಗಿರಿ ಇದೆ, ಬೇಕಿದ್ದರೆ ಕಚೇರಿಗೆ ಬಂದು ನನ್ನ ಕಡತಗಳನ್ನು ತಿನ್ನಿರಿ, ನನ್ನ ತಕರಾರಿಲ್ಲ. ಸಾಧ್ಯವಾದರೆ ಒಪ್ಪಿಗೆ ಪತ್ರಕ್ಕೆ ತಮ್ಮ ಹದಿನಾರು ಕಾಲುಗಳಲ್ಲಿ ಯಾವುದಾದರೂ ಒಂದರ ಗುರುತು ಒತ್ತಿಕೊಡಬೇಕಾಗಿ ವಿನಂತಿ.

ಒಂದೂ ಎಲೆ ಉಳಿಸದಿದ್ದರೂ ಇನ್ನೂ

ತಮ್ಮ ವಿಶ್ವಾಸಿ,
ಪಾರಿಸ ಭೀಮಗೊಂಡ ಮಗದುಮ್ಮ

ತಾ.ಕ.: ಇದನ್ನು ಎಂಟನೆಯ ದಿನದ ಸಂಜೆ ಬರೆಯುತ್ತಿದ್ದೇನೆ, ಕಂಬಕ್ಕೆ ಅಂಟಿಸುವುದಿಲ್ಲ. ಇಂದು ಬೆಳಿಗ್ಗೆ ಅವ್ವ ಬಸದಿಯಿಂದ ಬರುವ ಮೊದಲು ನಾನು ಮಡಿ ನೋಡಲು ಹೋದಾಗ ಮೂರನೆಯ ಸಾಲಿನ ಒಂದು ಎಲೆಯಲ್ಲಿ, ಸಾಸಿವೆಕಾಳಿನಷ್ಟು, ತಮ್ಮ ತಕರಾರು ಇತ್ತು. ಏಳು ದಿನ ಸುಮ್ಮನಿದ್ದು ಎಂಟನೆಯ ದಿನ ಅರ್ಜಿ ಹಾಕುವ ಈ ವಿದ್ಯೆಯನ್ನು ತಾವು ನಮ್ಮ ಕಚೇರಿಯ ಸುತ್ತಲೇ ಎಲ್ಲೋ ಕಲಿತಿರಬೇಕು. ಎಲೆಯ ಹಿಂದೆ ಮುಂದೆ ತಮ್ಮವರು ಯಾರೂ ಇಲ್ಲವೆಂದು ಎರಡು ಸಲ ಖಾತ್ರಿ ಮಾಡಿಕೊಂಡು, ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಸಲ, ಬಂದ ತಕರಾರನ್ನು ನಾನು ಅಗಿದು ನುಂಗಿದೆ. ಅವ್ವ ಬಂದು ಅರ್ಧ ತಾಸು ಎಲೆ ಎಲೆ ಮಗುಚಿ ನೋಡಿದರು, ಏನೂ ಸಿಗಲಿಲ್ಲ. ಕೊನೆಗೆ ನನ್ನ ಮುಖ ನೋಡಿ, "ಹಲ್ಲಾಗ ಹಸರ ಸಿಕ್ಕೈತಿ, ಬಾಯಿ ಮುಕ್ಕಳಿಸಿ ಬಾ" ಎಂದರು. ಮುಕ್ಕಳಿಸಿ ಬಂದ ಮೇಲೆ, "ಲಕ್ಷ್ಮಿಬಾಯಿಗೆ ಒಲಿ ಹೊತ್ತಸಾಕ ಹೇಳು" ಎಂದರು. ಮೆಂತ್ಯದ ಪಲ್ಲೆ ಹಚ್ಚಿಕೊಂಡು ಎರಡು ರೊಟ್ಟಿ ಉಂಡು ಮೂರನೆಯದಕ್ಕೆ ಕೈ ಚಾಚಿದರು. ಎರಡು ವರ್ಷವಾಗಿತ್ತು ಅದನ್ನು ನೋಡಿ. ನನ್ನ ತೀರ್ಪಿನ ಮೇಲೆ ತಮ್ಮ ಮೇಲ್ಮನವಿ ಇದ್ದರೆ ಹೊತ್ತು ಮುಳುಗುವುದರೊಳಗೆ ಸಲ್ಲಿಸಬೇಕು, ಏಕೆಂದರೆ ಆಮೇಲೆ ಜೈನರ ನೇಮದಂತೆ ನಮ್ಮ ಮನೆಯಲ್ಲಿ ಯಾರೂ ಏನನ್ನೂ ತಿನ್ನುವುದಿಲ್ಲ, ತಮ್ಮನ್ನು ಬಿಟ್ಟು.