ನಿಮ್ಮ ನೌಕೆಯ ನೀರುಗಂಟಿ ನಮ್ಮ ಮನೆಯಲ್ಲಿದ್ದಾನೆ

‘ದೂರದ ಕಕ್ಷೆ’ ಧಾರಾವಾಹಿಯ ಕಥಾ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ಚಿತ್ರದುರ್ಗದಿಂದ ನಮಸ್ಕಾರಗಳು. ತಾವೂ, ತಮ್ಮ ಸಿಬ್ಬಂದಿಯೂ, ತಮ್ಮ ನೌಕೆಯಲ್ಲಿ ಸದ್ಯಕ್ಕೆ ಉಳಿದುಕೊಂಡಿರುವವರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಈ ಪತ್ರದ ಮೊದಲ ಕರಡಿನಲ್ಲಿ ಒಂದು ಮಾತನ್ನು ಬಿಟ್ಟಿದ್ದೆ. ಬಿಟ್ಟರೆ ನನ್ನ ದೂರಿಗೆ ತೂಕ ಹೆಚ್ಚುತ್ತದೆ ಎಂಬ ಆಸೆಯಿತ್ತು. ಓದಿ ನೋಡಿದಾಗ ಅದು ಸರಿಯೆನಿಸಲಿಲ್ಲ, ಆದ್ದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ: ಮೂರು ವರ್ಷಗಳ ಹಿಂದೆ ತಾವು ನೌಕೆಯಿಂದ ಹೊರಗೆ ಹಾಕಿದ ಓರೆನ್ ಎಂಬ ಮನುಷ್ಯ ಅಂದಿನಿಂದ ನಮ್ಮ ಮನೆಯಲ್ಲಿದ್ದಾನೆ. ತಮ್ಮ ಅನುಮತಿ ಕೇಳದೆ ನಾನೇ ಇಟ್ಟುಕೊಂಡಿದ್ದೇನೆ.

ಓರೆನ್ ಯಾರೆಂದು ತಮಗೆ ಮರೆತಿರಬಹುದು, ತಮಗೆ ಕೆಲಸ ಬಹಳ. ತಮ್ಮ ಬಾಹ್ಯಾಕಾಶ ನೌಕೆಯ ಕೆಳಗಿನ ಅಂತಸ್ತಿನಲ್ಲಿ ನೀರು, ಗಾಳಿಯ ಕೊಳವೆಗಳನ್ನು ನೋಡಿಕೊಳ್ಳುತ್ತಿದ್ದ ಬೊಕ್ಕತಲೆಯವನು. ಒಂಬತ್ತು ಸೀಸನ್ನುಗಳಲ್ಲಿ ಅವನು ಆಡಿದ ಮಾತು ಹೆಚ್ಚುಕಡಿಮೆ ಒಂದೇ, “ಒತ್ತಡ ಸರಿಯಿದೆ, ಕ್ಯಾಪ್ಟನ್.” ನಮ್ಮ ಅತ್ತೆಯವರಾದ ಮುದ್ದಕ್ಕನವರಿಗೆ ತಮ್ಮ ಧಾರಾವಾಹಿಯ ಕನ್ನಡ ಡಬ್ಬಿಂಗಿನಲ್ಲಿ ಅರ್ಥವಾದದ್ದು, ಇಷ್ಟವಾದದ್ದು ಈ ಮನುಷ್ಯನ ಕೆಲಸ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನನ್ನು ಹೊರಕೆರೆದೇವಪುರದ ಕಡೆಯ ಅವರ ತವರಿನಲ್ಲಿ ನೀರುಗಂಟಿ ಎನ್ನುತ್ತಾರೆ. ಹೀಗಾಗಿ ಓರೆನ್ ನಮ್ಮ ಮನೆಯಲ್ಲಿ ಮೊದಲ ವಾರವೇ ನೀರುಗಂಟಿಯಾದ. ಕ್ಯಾಪ್ಟನ್ ಸಾಹೇಬರಿಗೆ ಅತ್ತೆ ಇಂದಿಗೂ ಹೆಸರಿಟ್ಟಿಲ್ಲ.

ಒಂಬತ್ತನೇ ಸೀಸನ್ನಿನ ನಡುವೆ ನೌಕೆಯ ಹೊರಮೈಯ ಕೊಳವೆಯೊಂದು ಒಡೆಯಿತು. ಓರೆನ್ ರಿಪೇರಿಗೆಂದು ಹೊರಗೆ ಹೋದ, ಬಾಗಿಲು ಮುಚ್ಚಿಕೊಂಡಿತು, ಕ್ಯಾಪ್ಟನ್ ಸಾಹೇಬರು ಕಿಟಕಿಯ ಬಳಿ ನಿಂತು ದವಡೆ ಬಿಗಿಹಿಡಿದರು, ತಾವು ಸೋಪಿನ ಜಾಹೀರಾತು ತೋರಿಸಿದಿರಿ. ಜಾಹೀರಾತು ಮುಗಿದಾಗ ನೌಕೆಯಲ್ಲಿ ಯಾರದೋ ಹುಟ್ಟುಹಬ್ಬ ನಡೆಯುತ್ತಿತ್ತು. ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆ ಕೈ ನಿಲ್ಲಿಸಿ, “ಅಷ್ಟೇನಾ? ಒಬ್ರಾರ ಹುಡುಕಾಕೆ ಹೋಗ್ಲಿಲ್ಲ, ಕೇಕ್ ತಿಂತಾ ಕುಂತವ್ರೆ. ಅಲ್ಲ, ನಾಳೆ ಇವ್ರಿಗೆ ನೀರು ಬಿಡೋರು ಯಾರು?” ಎಂದು ನನ್ನನ್ನು ಕೇಳಿದರು. ಆ ಹುದ್ದೆಗೆ ಬೇರೊಬ್ಬರನ್ನು ನೇಮಿಸಿದ ಸುದ್ದಿ ಇಂದಿನವರೆಗೂ ಬಂದಿಲ್ಲ. ಆದರೂ ಹನ್ನೆರಡನೇ ಸೀಸನ್ನಿನಲ್ಲಿಯೂ ಕ್ಯಾಪ್ಟನ್ ಸಾಹೇಬರು ದಿನವೂ ಸ್ನಾನ ಮಾಡಿದವರಂತೆಯೇ ಕಾಣಿಸುತ್ತಾರೆ.

ಜನರನ್ನು ಕಳುಹಿಸಿಕೊಡುವ ತಮ್ಮ ಕೈಚಳಕವನ್ನು ಮೆಚ್ಚದೆ ಇರಲಾರೆ. ನೌಕೆಯ ಡಾಕ್ಟರಮ್ಮ ಯಾವುದೋ ಗ್ರಹದ ರಾಜಕುಮಾರನನ್ನು ಮದುವೆಯಾದಳೆಂದು ನಮಗೆ ಒಂದೇ ವಾಕ್ಯದಲ್ಲಿ ತಿಳಿಯಿತು. ಲಗ್ನಪತ್ರಿಕೆ ಅಚ್ಚು ಹಾಕಿಸುವಷ್ಟು ಹೊತ್ತನ್ನೂ ತಾವು ಹಾಳುಮಾಡಲಿಲ್ಲ. ಅಡುಗೆಯವನು ಉಪ್ಪು ತರಲೆಂದು ಮೇಲಿನ ಅಂತಸ್ತಿಗೆ ಹೋದವನು ಇನ್ನೂ ಇಳಿದು ಬಂದಿಲ್ಲ, ಮೇಲೆ ಅಂಥದ್ದೇನಿದೆಯೋ. ನಕ್ಷೆ ನೋಡುವ ಹುಡುಗಿಗೆ ಒಂದು ಸೋಮವಾರ ಬೇರೆಯೇ ಮುಖ ಬಂತು, ಅವಳ ಸ್ವಂತ ತಾಯಿಗೂ ಅದು ಗೊತ್ತಾಗಲಿಲ್ಲ. ನಾನು ಕಚೇರಿ ಕೆಲಸ ನೋಡಿಕೊಳ್ಳುವ ಶಾಲೆಯಲ್ಲಿ ಒಬ್ಬರು ಹಿರಿಯೂರಿನ ಶಾಖೆಗೆ ವರ್ಗವಾದರೂ ಶಾಲು, ಹಾರ, ಹಣ್ಣಿನ ಬುಟ್ಟಿ, ಉಪ್ಪಿಟ್ಟು ಎಲ್ಲವೂ ಆಗಬೇಕು, ಹೋಗುವವರನ್ನು ಕಂಡರಾಗದವರೇ ಎಲ್ಲರಿಗಿಂತ ಉದ್ದ ಭಾಷಣ ಮಾಡಬೇಕು. ಹಿರಿಯೂರು ಇಲ್ಲಿಂದ ಒಂದು ಗಂಟೆಯ ದಾರಿ. ತಾವಾದರೋ ಮನುಷ್ಯನನ್ನು ನಕ್ಷತ್ರಗಳಾಚೆ ಕಳುಹಿಸುವಾಗಲೂ ಒಂದು ತಟ್ಟೆ ಉಪ್ಪಿಟ್ಟಿನ ಖರ್ಚು ಬೀಳದಂತೆ ನೋಡಿಕೊಳ್ಳುತ್ತೀರಿ.

ಅತ್ತೆಯವರ ಆಕ್ಷೇಪ ಉಪ್ಪಿಟ್ಟಿನ ಬಗ್ಗೆ ಅಲ್ಲ. ಅವರು ಕುರಿ ಸಾಕಿದ ಮನೆಯವರು. ಅವರ ತಂದೆ ಕುರಿ ಮಾರಿದಾಗ, ಕೊಂಡವನ ಕೈಗೆ ಒಪ್ಪಿಸುವ ಮುನ್ನ ಅದರ ಬೆನ್ನಿನಿಂದ ಒಂದು ಚಿಟಿಕೆ ಉಣ್ಣೆ ಕಿತ್ತು ಹಟ್ಟಿಯ ಸೂರಿಗೆ ಸಿಕ್ಕಿಸುತ್ತಿದ್ದರಂತೆ. “ಹಂಗೇ ಕೊಟ್ಟು ಕಳ್ಸಿದ್ರೆ ಮಿಕ್ಕಿದ್ದವೂ ಒಂದೊಂದೇ ಅದ್ರ ಹಿಂದೆ ಹೊಂಟೋಗ್ತವೆ ಕಣವ್ವ,” ಎಂಬುದು ಅವರ ತಿಳಿವಳಿಕೆ. ಓರೆನ್ ಹೋದ ಸ್ವಲ್ಪ ದಿನಕ್ಕೇ ಡಾಕ್ಟರಮ್ಮನೂ ಅಡುಗೆಯವನೂ ಹೋದರೆಂದು ನಾನು ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಅವನ ಟೋಪಿಯನ್ನೋ ಸ್ಪ್ಯಾನರನ್ನೋ ಒಂದು ಮೊಳೆಗೆ ನೇತುಹಾಕಿದ್ದರೆ ತಮ್ಮ ನೌಕೆ ಈಗ ಇಷ್ಟು ಖಾಲಿಯಾಗಿರುತ್ತಿರಲಿಲ್ಲ ಎಂದು ತಮಗೆ ತಿಳಿಸಬೇಕೆಂದಿದ್ದಾರೆ, ತಿಳಿಸಿದ್ದೇನೆ.

ಇನ್ನು ನನ್ನ ವಿಷಯ. ಓರೆನ್ ಹೋದ ಸಂಜೆಯ ನಂತರ ಅತ್ತೆ ಟೀವಿಗೆ ಬೆನ್ನುಹಾಕಿ ಕೂರತೊಡಗಿದರು. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ಬಂದ ಸೊಸೆಗೂ ಅವರಿಗೂ ಮದುವೆಯಾದ ಹೊಸದರಿಂದ ಇದ್ದ ಮಾತುಕತೆಯೆಂದರೆ ಉಂಡೆಯಾ, ಉಂಡೆ, ಗ್ಯಾಸ್ ಆರಿಸಿದೆಯಾ, ಆರಿಸಿದೆ. ತಮ್ಮ ಧಾರಾವಾಹಿ ಬಂದ ಮೇಲೆಯೇ ನಾವು ಒಬ್ಬರೊಂದಿಗೊಬ್ಬರು ಹರಟಲು, ಜಗಳವಾಡಲು ಕಲಿತದ್ದು. ಅದು ನಿಂತ ಮೇಲೆ ಮನೆಯಲ್ಲಿ ಫ್ಯಾನಿನ ಸದ್ದು ಕೇಳಿಸತೊಡಗಿತು. ಕೆಲವು ದಿನ ತಡೆದೆ. ಕೊನೆಗೊಂದು ಸಂಜೆ ಹುಣಸೆಹಣ್ಣು ಕಿವುಚುತ್ತಾ, ನೀರುಗಂಟಿ ಸತ್ತಿಲ್ಲ, ಬೇರೊಂದು ಧಾರಾವಾಹಿಗೆ ಹೋಗಿ ಬಿದ್ದಿದ್ದಾನೆ, ಆ ಚಾನೆಲ್ ನಮ್ಮ ಮನೆಗೆ ಬರುವುದಿಲ್ಲ, ನಾನು ಮೊಬೈಲಿನಲ್ಲಿ ನೋಡಿದೆ ಎಂದುಬಿಟ್ಟೆ. ಅವನು ಬಿದ್ದ ಧಾರಾವಾಹಿ ತಮ್ಮ ಪ್ರತಿಸ್ಪರ್ಧಿಗಳ ‘ಹಿಂದಿನ ಮಹಡಿ’. ಅದರಲ್ಲಿ ನಿವೃತ್ತ ಜಡ್ಜಮ್ಮನೊಬ್ಬರು ಹಳೆಯ ಲಿಫ್ಟಿನಲ್ಲಿ ಕೂತು ಬೇಕಾದ ಶತಮಾನಕ್ಕೆ ಇಳಿಯುತ್ತಾರೆ. ಒಂದು ಕಥೆಯವರನ್ನು ಇನ್ನೊಂದು ಕಥೆಗೆ ಕರೆತಂದು ಬರೆಯುವ ಅಭಿಮಾನಿಗಳು ಲೋಕದ ತುಂಬ ಇದ್ದಾರಂತೆ, ಅದಕ್ಕೆ ಕ್ರಾಸ್‌ಓವರ್ ಎನ್ನುತ್ತಾರಂತೆ. ನನಗೆ ಆಗ ಅದು ಸುಳ್ಳು ಎಂದಷ್ಟೇ ಗೊತ್ತಿತ್ತು.

ಅತ್ತೆ ನನ್ನ ಮುಖ ನೋಡಿ, “ಅಲ್ಲಿ ನೀರೈತಾ?” ಎಂದರು.

ಅಲ್ಲಿಂದ ಮೂರು ವರ್ಷ ಅವನ ಸಂಸಾರ ನಮ್ಮ ಅಡುಗೆಮನೆಯಲ್ಲಿ ನಡೆದಿದೆ. ನಾನು ಅವನನ್ನು ಲಿಫ್ಟಿನೊಂದಿಗೆ ಯಾವ ಕಾಲಕ್ಕೆ ಇಳಿಸಿದರೂ ಅತ್ತೆ ಅಲ್ಲೊಂದು ಕೆರೆಯನ್ನೂ ಅದಕ್ಕೊಂದು ತೂಬನ್ನೂ ಸೇರಿಸುತ್ತಾರೆ. ಲಿಫ್ಟು ರಾಮಗಿರಿಯ ರೈಲ್ವೆ ನಿಲ್ದಾಣದಲ್ಲಿ ಎರಡು ನಿಮಿಷ ನಿಲ್ಲಬೇಕೆಂದು ಹಟ ಹಿಡಿದು ನಿಲ್ಲಿಸಿದ್ದಾರೆ. ನೀರುಗಂಟಿಗೂ ಜಡ್ಜಮ್ಮನಿಗೂ ಮದುವೆ ಮಾಡಬೇಕೆಂದಾಗ ನಾನು ಒಪ್ಪಲಿಲ್ಲ. ಆಕೆ ಎಷ್ಟಾದರೂ ಜಡ್ಜು, ಇವನಿಗೆ ಒಂದೇ ಮಾತು ಬರುವುದು ಎಂದೆ. “ಜಡ್ಜಾದ್ರೆ ಉಣ್ಣಂಗಿಲ್ವಾ? ದಿನಾ ಮಾತಾಡೋರ ತಾವೇ ಕೆಲ್ಸ ಮಾಡಿ ಸಾಕಾಗಿರ್ತೈತೆ ಆಯಮ್ಮಂಗೆ,” ಎಂದರು. ಪಕ್ಕದ ಮನೆಯ ಚಂದ್ರಕ್ಕನವರು ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಬಂದು, “ಏನ್ ಮುದ್ದಕ್ಕ, ನಿನ್ನ ನೀರುಗಂಟಿ ಅಳಿಯ ಇವತ್ತು ಯಾವೂರಾಗವ್ನೆ?” ಎಂದು ಕೆಣಕಿ, ಕಥೆ ಮುಗಿಯುವವರೆಗೆ ಕೂತು, ಹೆಪ್ಪು ಮರೆತು ಹೋಗುತ್ತಾರೆ.

ಈಗ ತೊಂದರೆ ಬಂದಿದೆ. ಹೊಸದುರ್ಗದಲ್ಲಿರುವ ನಾದಿನಿ ದಿವ್ಯಾಗೆ ಕೆಲಸ ಸಿಕ್ಕಿ, ಅವಳ ಮಗುವನ್ನು ನೋಡಿಕೊಳ್ಳಲು ಅತ್ತೆ ಈ ಭಾನುವಾರ ಅಲ್ಲಿಗೆ ಹೋಗುತ್ತಿದ್ದಾರೆ, ಮಗು ಶಾಲೆಗೆ ಸೇರುವವರೆಗೂ ಅಲ್ಲೇ ಇರುತ್ತಾರೆ. ಆ ಮನೆಯಲ್ಲಿ ಎರಡೂ ಚಾನೆಲ್ಲುಗಳು ಬರುತ್ತವೆ. ಸಾಲದ್ದಕ್ಕೆ ದಿವ್ಯಾಳ ಗಂಡ ಬೀರೇಶ್ ತಮ್ಮ ಹನ್ನೆರಡೂ ಸೀಸನ್ನುಗಳನ್ನು ಬಾಯಿಪಾಠ ಮಾಡಿರುವ, ಸುಳ್ಳು ಹೇಳಲು ಬಾರದ, ಒಳ್ಳೆಯ ಮನುಷ್ಯ. “ಬರ್ರಿ ಅತ್ತೆ, ಒಂದ್ನೇ ಸಂಚಿಕೆಯಿಂದ ಹಾಕ್ತೀನಿ, ಕೂಡಿ ನೋಡಾಣ,” ಎಂದು ಫೋನಿನಲ್ಲಿ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ಆದ್ದರಿಂದ ಭಾನುವಾರದೊಳಗೆ ಓರೆನ್‌ನನ್ನು ಜೀವಸಹಿತ ಹಿಂದಕ್ಕೆ ಕರೆತರಬೇಕೆಂದು, ಪ್ರತಿಸ್ಪರ್ಧಿಗಳೊಂದಿಗೆ ರಾಜಿಯಾಗಿ ಅವರ ಲಿಫ್ಟಿನಿಂದಲೇ ಇಳಿಸಬೇಕೆಂದು, ಅದಾಗದಿದ್ದರೆ ತಮ್ಮ ನೌಕೆಯಲ್ಲಿ ನೂರು ವರ್ಷ ನಿದ್ದೆ ಬರಿಸುವ ಪೆಟ್ಟಿಗೆಯಿದೆಯಲ್ಲ, ಅದರಲ್ಲಿ ಬೀರೇಶನನ್ನು ಮಗು ಶಾಲೆಗೆ ಸೇರುವವರೆಗೆ ಮಾತ್ರ ಮಲಗಿಸಬೇಕೆಂದು ಕೋರಲು ಈ ಪತ್ರ ಬರೆಯಲು ಕೂತೆ.

ಇಲ್ಲಿಯವರೆಗೆ ಬರೆದು ನಿನ್ನೆ ಎದ್ದುಹೋಗಿ ಅತ್ತೆಯವರ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಬೀರೇಶ್ ನೀರುಗಂಟಿಯ ಬಗ್ಗೆ ಏನಾದರೂ ಬೇರೆ ಥರ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ ಎಂದು ಸುತ್ತಿ ಬಳಸಿ ಹೇಳಿದೆ. ಅತ್ತೆ ಎಲೆಅಡಿಕೆ ಚೀಲ ಹುಡುಕುತ್ತಾ, ತಲೆಯೆತ್ತದೆ, “ಅವ್ನು ಸತ್ತ ಅಂತಾನೆ, ಇನ್ನೇನಂತಾನೆ. ನಿಮ್ ಹೊಸದುರ್ಗದಾಗೆ ಹಂಗೆ ಬರ್ತೈತೇನೋ, ನಮ್ ದುರ್ಗದಾಗೆ ಬ್ಯಾರೆ ಬರ್ತೈತೆ ಅಂತೀನಿ ಬಿಡು,” ಎಂದರು. ಚೀಲ ಸಿಕ್ಕ ಮೇಲೆ, “ದಿನಾ ಸಂಜೆ ಫೋನ್ ಮಾಡಿ ಮುಂದಿಂದು ಹೇಳು. ಬೀರೇಶಂಗೂ ಕೇಳ್ಸು. ಪಾಪ, ಅವಂಗೆ ಅರ್ಧನೇ ಗೊತ್ತಿರೋದು,” ಎಂದರು.

ಮೂರು ವರ್ಷಗಳಿಂದ ನಮ್ಮಿಬ್ಬರಲ್ಲಿ ಯಾರು ಯಾರನ್ನು ಸಂಭಾಳಿಸುತ್ತಿದ್ದರು ಎಂಬುದು ನನಗೆ ಈಗ ಖಾತ್ರಿಯಿಲ್ಲ. ಆದರೆ ಮೇಲಿನ ಕೋರಿಕೆಗಳನ್ನೆಲ್ಲ ಹಿಂದಕ್ಕೆ ಪಡೆಯುತ್ತಿದ್ದೇನೆ. ದಯವಿಟ್ಟು ಓರೆನ್‌ನನ್ನು ಕರೆಸಿಕೊಳ್ಳಬೇಡಿ. ತಮ್ಮ ಮುಂದಿನ ಸೀಸನ್ನಿಗೆ ಯಾರೋ ಒಬ್ಬರು ನೆನಪಿಸಿ, ಅವನು ಮಂಜಿನೊಳಗಿಂದ ನಡೆದು ಬರುವಂತೆ ತಾವು ಬರೆದುಬಿಟ್ಟರೆ ನಮಗೆ ಸಂಜೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ಅವನ ಮದುವೆ ಇನ್ನೂ ಆಗಬೇಕಿದೆ. ಅದಕ್ಕೆ ನಾನು ಒಪ್ಪಿದ್ದೇನೆ ಎಂಬ ಸುದ್ದಿಯನ್ನು ಮೊದಲ ಫೋನಿಗೆಂದು ಕಾದಿಟ್ಟಿದ್ದೇನೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ಮೀನಾಕ್ಷಿ

ಮರೆತ ಮಾತು: ಅತ್ತೆ ತಮ್ಮ ಕರಿ ಕಂಬಳಿಯನ್ನೂ ಒಯ್ಯುತ್ತಿದ್ದಾರೆ. ಅದರ ಅಂಚಿನಿಂದ ಒಂದು ಎಳೆ ಕಿತ್ತು ಟೀವಿಯ ಮೇಲಿನ ಮೊಳೆಗೆ ಸುತ್ತಿದ್ದೇನೆ. ಮಡಚುವಾಗ ಅವರು ಆ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ, ಆ ಬದಿಯನ್ನು ಒಳಗೆ ಮಾಡಿ ಮಡಚಿದರು. ಇದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲವೆಂದು ತಮ್ಮ ಲೆಕ್ಕಪತ್ರ ವಿಭಾಗದವರ ಗಮನಕ್ಕೆ ತರಬೇಕಾಗಿ ವಿನಂತಿ. ಪತ್ರವನ್ನು ಶನಿವಾರವೇ ಅಂಚೆಗೆ ಹಾಕಬಹುದಿತ್ತು, ಆದರೆ ಬಸ್ಸು ಹೊರಡುವವರೆಗೆ ಅತ್ತೆ ಇನ್ನೇನನ್ನಾದರೂ ಸೇರಿಸಲು ಹೇಳಬಹುದು. ಹಾಕುವುದು ಸೋಮವಾರ, ೧೬ ಜೂನ್ ೨೦೨೫.