ಲೆಕ್ಕಕ್ಕೆ ಸಿಗದ ಅತ್ತೆ

ಗಣಿತದ ಮೇಷ್ಟರಾದವನು ಶಾಲೆಯಲ್ಲಿ ಎಷ್ಟು ಬೇಕಾದರೂ ಲೆಕ್ಕ ಹಾಕಲಿ, ಮನೆಯಲ್ಲಿ ಮಾತ್ರ ಹಾಕಬಾರದು. ಇಪ್ಪತ್ತಾರು ವರ್ಷದಿಂದ ಡೆವೆಂಟರ್ ಊರಿನ ಮಕ್ಕಳಿಗೆ ಕೂಡುವುದು ಕಳೆಯುವುದನ್ನು ಹೇಳಿಕೊಟ್ಟ ನನಗೆ ಈ ಸತ್ಯ ತಿಳಿದದ್ದು ಕೊರೊನಾದ ಎರಡನೆಯ ಡಿಸೆಂಬರಿನಲ್ಲಿ. ಅದೂ ಒಬ್ಬನೇ ಒಬ್ಬನನ್ನು ಕಳೆಯಲು ಹೋಗಿ.

ಆ ಶನಿವಾರ ಸಂಜೆ ಏಳು ಗಂಟೆಗೆ ಟೀವಿಯಲ್ಲಿ ಸರ್ಕಾರದ ಸುಗ್ರೀವಾಜ್ಞೆ ಹೊರಬಿತ್ತು. ವೈರಸ್ಸಿನ ಹೊಸ ರೂಪಾಂತರಿ ಬಂದಿದೆ, ಅದರ ಕಾಲು ಹಳೆಯದಕ್ಕಿಂತ ಚುರುಕು, ಆದ್ದರಿಂದ ನಾಳೆ ಬೆಳಗಿನಿಂದ ಅಂಗಡಿ, ಹೋಟೆಲು, ಶಾಲೆ ಎಲ್ಲಕ್ಕೂ ಬೀಗ. ಮನೆಗೆ ದಿನಕ್ಕೆ ಇಬ್ಬರೇ ಅತಿಥಿಗಳು. ಕ್ರಿಸ್‌ಮಸ್ಸಿನ ದಿನಗಳಲ್ಲಿ ಮಾತ್ರ ದೊಡ್ಡ ಮನಸ್ಸು ಮಾಡಿ ನಾಲ್ವರು. (ಅತಿಥಿ ಎಂದರೆ ತಿಥಿ ನೋಡದೆ ಬರುವವನು ಎಂದು ಬಲ್ಲವರು ಹೇಳುತ್ತಾರೆ. ನಮ್ಮ ಊರಿನಲ್ಲಿ ಮೂರು ವಾರ ಮೊದಲೇ ತಿಥಿ, ವಾರ, ಗಳಿಗೆ ಗೊತ್ತುಮಾಡದೆ ಸ್ವಂತ ತಮ್ಮನೂ ಬಾಗಿಲು ತಟ್ಟುವುದಿಲ್ಲ. ಹೀಗಿರುವಾಗ ಈ ಆಜ್ಞೆ ಯಾರಿಗಾಗಿ ಎಂಬುದು ನನಗೆ ಇಂದಿಗೂ ತಿಳಿದಿಲ್ಲ.)

ನನ್ನ ಹೆಂಡತಿ ಮಾರ್ಲೂಸ್ ಸೋಫಾದ ಮೇಲೆ ಕುಳಿತು ಬೆರಳು ಮಡಿಸತೊಡಗಿದಳು. "ಅಮ್ಮ ಒಂದು. ಅಕ್ಕ ಇನೆಕೆ ಎರಡು, ಭಾವ ಹಾರ್ಮ್ ಮೂರು. ತಂಗಿ ಲಿಸ್ಬೆತ್ ನಾಲ್ಕು. ಅವಳ ಗಂಡ ಟೋನ್..." ಐದನೆಯ ಬೆರಳು ಮಡಿಸದೆ ನೆಟ್ಟಗೆ ನಿಂತಿತು.

"ಒಬ್ಬರು ಜಾಸ್ತಿ ಆದ್ರು," ಎಂದಳು.

"ಹೌದಲ್ಲ," ಎಂದೆ ನಾನು, ದುಃಖದಿಂದ. ಆ ದುಃಖವನ್ನು ತರಲು ನನಗೆ ಎಷ್ಟು ಕಷ್ಟವಾಯಿತು ಎಂದು ಆ ದೇವರೇ ಬಲ್ಲ. ಏಕೆಂದರೆ ಯಾರು ಜಾಸ್ತಿ ಎಂಬುದು ಹದಿನೆಂಟು ವರ್ಷದಿಂದ ನನಗೆ ಗೊತ್ತಿತ್ತು.

ಪ್ರತಿ ಕ್ರಿಸ್‌ಮಸ್ಸಿಗೂ ಅವರೆಲ್ಲ ನಮ್ಮ ಮನೆಗೆ ಬರುತ್ತಾರೆ. ಮೇಜಿನ ಮಧ್ಯೆ ಕರೆಂಟಿನ ಒಲೆ, ಒಬ್ಬೊಬ್ಬರ ಕೈಗೆ ಅಂಗೈಯಗಲದ ಒಂದು ಬಾಣಲೆ. ಅವರವರ ಮಾಂಸ, ಅವರವರ ತರಕಾರಿ ಅವರವರೇ ಹುರಿದುಕೊಂಡು ತಿನ್ನುವುದು. ಇಷ್ಟು ಸರಳವಾದ, ಸ್ವತಂತ್ರವಾದ ಊಟ ಲೋಕದಲ್ಲಿ ಇನ್ನೊಂದಿಲ್ಲ. ಆದರೆ ಹಾರ್ಮ್ ಪಕ್ಕದಲ್ಲಿ ಕುಳಿತರೆ ಸ್ವಾತಂತ್ರ್ಯ ಹೋಯಿತೆಂದೇ ಲೆಕ್ಕ. "ಅದು ಬೆಂದಿಲ್ಲ," ಎಂದು ನನ್ನ ಬಾಣಲೆಯ ತುಂಡನ್ನು ಮಗುಚಿ ಹಾಕುತ್ತಾನೆ. "ಈಗ ಜಾಸ್ತಿ ಬೆಂತು," ಎಂದು ಅದನ್ನು ತಾನೇ ತಿನ್ನುತ್ತಾನೆ. ನಡುನಡುವೆ ತನ್ನ ಕ್ಯಾರವಾನಿನ ಚಕ್ರಗಳ ಚರಿತ್ರೆ ಹೇಳುತ್ತಾನೆ. ಹಿಂದಿನ ಎಡಗಡೆಯ ಚಕ್ರ ಫ್ರಾನ್ಸಿನಲ್ಲಿ ಪಂಕ್ಚರ್ ಆದ ಕಥೆಯನ್ನು ನಾನು ಹದಿನೇಳು ಸಲ ಕೇಳಿದ್ದೇನೆ.

"ಅಮ್ಮನ್ನಂತೂ ಬಿಡೋ ಹಾಗಿಲ್ಲ," ಎಂದಳು ಮಾರ್ಲೂಸ್. "ಹೋದ ವರ್ಷ ಏನಾಯ್ತು ಅಂತ ನೆನಪಿದೆ ತಾನೆ?"

ನೆನಪಿತ್ತು. ಹೋದ ವರ್ಷ ನಮ್ಮ ಮಗಳು ಫೆಮ್ಕೆಗೆ ಕೆಮ್ಮು ಬಂದು, ಎಪ್ಪತ್ತೆಂಟು ವರ್ಷದ ಅತ್ತೆ ತನ್ನ ಫ್ಲಾಟಿನಲ್ಲಿ ಒಬ್ಬಳೇ ಊಟಕ್ಕೆ ಕುಳಿತಿದ್ದಳು. ಸಾಸಿವೆಯ ಜಾಡಿಗೆ ಟ್ಯಾಬ್ಲೆಟ್ ಒರಗಿಸಿಕೊಂಡು ಅದರಲ್ಲಿ ನಮ್ಮನ್ನು ನೋಡುತ್ತಾ ತನ್ನ ಒಂದೇ ಬಾಣಲೆಯಲ್ಲಿ ಹುರಿದುಕೊಳ್ಳುತ್ತಿದ್ದಳು. ಅರ್ಧ ಊಟದಲ್ಲಿ ಟ್ಯಾಬ್ಲೆಟ್ಟಿನ ಬ್ಯಾಟರಿ ಹೋಯಿತು. ಆಮೇಲೆ ಫೋನ್ ಮಾಡಿದಾಗ, "ಪರವಾಗಿಲ್ಲ ಬಿಡ್ರೇ, ನಂದೂ ಊಟ ಆಗಿತ್ತು," ಎಂದಿದ್ದಳು.

"ನೀನೇನೂ ಯೋಚ್ನೆ ಮಾಡ್ಬೇಡ," ಎಂದೆ. "ಈ ಸಮಸ್ಯೆ ನನಗೆ ಬಿಡು. ಸೂಕ್ಷ್ಮವಾಗಿ ಬಗೆಹರಿಸ್ತೀನಿ."

ಮೂಲೆಯಲ್ಲಿ ಫೋನು ನೋಡುತ್ತಿದ್ದ ಹದಿನೈದರ ಫೆಮ್ಕೆ ತಲೆ ಎತ್ತದೆಯೇ, "ಅಪ್ಪ ಸೂಕ್ಷ್ಮ ಅಂದ್ರೆ ನಂಗೆ ಭಯ," ಎಂದಳು.

ಸೋಮವಾರದಿಂದ ಶಾಲೆ ಇಲ್ಲ. ಮಾರ್ಲೂಸ್ ವಿಮಾ ಕಚೇರಿಯನ್ನೇ ಊಟದ ಮೇಜಿಗೆ ತಂದು ಹರಡಿಕೊಂಡಿದ್ದಳು. ನನಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಬೆಳಿಗ್ಗೆ ಎದ್ದ ಕೂಡಲೇ ಮೂಗಿಗೆ ಕಡ್ಡಿ ತೂರಿಸಿ ಪರೀಕ್ಷೆ. ಒಂದೇ ಗೆರೆ ಬಂದರೆ ಸಂತೋಷ. ಹದಿನೈದು ನಿಮಿಷದ ಮೇಲೆ ಎರಡನೆಯದು ಮೂಡಿರಬಹುದೆ ಎಂದು ಮತ್ತೆ ಹೋಗಿ ನೋಡುವುದು. ಮಹಡಿ ಹತ್ತುವುದು, ಯಾಕೆ ಹತ್ತಿದೆ ಎಂದು ಮರೆತು ಇಳಿಯುವುದು. ನದಿಯ ದಂಡೆಗೆ ತಿರುಗಾಡಲು ಹೋದರೆ ಊರಿಗೆ ಊರೇ ಅಲ್ಲಿ ತಿರುಗುತ್ತಿತ್ತು, ಎಲ್ಲರೂ ಒಂದೂವರೆ ಮೀಟರ್ ಅಂತರದಲ್ಲಿ, ಎಲ್ಲರ ಮುಖದಲ್ಲೂ ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಯಾರನ್ನು ಬಿಟ್ಟಿರಿ?

"ಒಂದ್ಕಡೆ ಕೂತ್ಕೋ ವಿಲ್ಬರ್ಟ್," ಎಂದಳು ಮಾರ್ಲೂಸ್. "ನೀನು ಓಡಾಡೋದು ನೋಡಿದ್ರೆ ನನ್ನ ಮೀಟಿಂಗ್‌ನವರಿಗೆ ತಲೆ ತಿರುಗುತ್ತಂತೆ. ಹಾರ್ಮ್‌ಗೆ ಫೋನ್ ಮಾಡ್ದ್ಯಾ?"

(ಹಾರ್ಮ್‌ನನ್ನೇ ಬಿಡೋಣವೆಂದು ಅವಳೂ ಒಪ್ಪಿದ್ದಳು, ಆದರೆ ಅವನು ತಾನಾಗಿಯೇ ಬರುವುದಿಲ್ಲವೆನ್ನಬೇಕು, ಅಕ್ಕನಿಗೆ ಬೇಸರವಾಗಕೂಡದು ಎಂಬ ಷರತ್ತಿನ ಮೇಲೆ.)

ಎರಡು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಮಂಗಳವಾರ ಫೋನೆತ್ತಿದೆ.

"ಹಾರ್ಮ್, ಹೊಸ ನಿಯಮ ನೋಡಿದ್ಯಲ್ಲ."

"ನೋಡ್ದೆ. ನಾಲ್ಕೇ ಜನ."

"ನಾವು ಕರೀಬೇಕಾದ್ದು ಐದು ಜನನ್ನ."

"ಹೂಂ."

"ಕೆಲವರಿರ್ತಾರೆ ನೋಡು. ವಯಸ್ಸಲ್ಲಿ ಹಿರಿಯರು, ಅನುಭವಸ್ಥರು. ಬೇರೆಯವರು ಖುಷಿಯಾಗಿರ್ಲಿ ಅಂತ ತಾವೇ ಹಿಂದೆ ಸರೀತಾರೆ. ಅದಕ್ಕೆ ದೊಡ್ಡ ಮನಸ್ಸು ಬೇಕು. ಹೆಸರು ಹೇಳೋಕೆ ನನಗೆ ಬಾಯಿ ಬರ್ತಿಲ್ಲ."

"ಹೇಳ್ಬೇಡ ಬಿಡು, ಅರ್ಥವಾಯ್ತು," ಎಂದ ಹಾರ್ಮ್. "ಬೇಜಾರಾಗುತ್ತೆ. ಆದ್ರೆ ನೀನು ಹೇಳೋದು ಸರಿ. ನಿನಗೆ ಗುಂಡಿಗೆ ಇದೆ ಮಾರಾಯ. ನಾನಾಗಿದ್ರೆ ಇಷ್ಟು ಹೇಳ್ತಿರ್ಲಿಲ್ಲ. ಇನೆಕೆಗೆ ನಾನೇ ಹೇಳ್ತೀನಿ, ನೀನು ತಲೆ ಕೆಡಿಸ್ಕೋಬೇಡ."

ಫೋನಿಟ್ಟು ನಾನು ಕಾಫಿ ಮಾಡಿಕೊಂಡೆ. ಹಾರ್ಮ್‌ನ ಬಗ್ಗೆ ಜೀವಮಾನದಲ್ಲಿ ಮೊದಲ ಸಲ ಗೌರವ ಹುಟ್ಟಿತು. ಪಾಪ, ಅವನಿಗೂ ಒಂದು ಫೋಟೋ ಕಳಿಸಬೇಕು, ಊಟದ್ದು, ಎಂದುಕೊಂಡೆ.

ಕಾಫಿ ಆರುವ ಮೊದಲೇ ಮಾರ್ಲೂಸಳ ಫೋನು ರಿಂಗಾಯಿತು. ಅವಳು "ಹೇಳು ಇನೆಕೆ" ಎಂದದ್ದು ಕೇಳಿಸಿತು. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದು. ಅದೇ ಭಯಂಕರ. ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು.

"ಅಮ್ಮ ಬರ್ಬಾರ್ದು ಅಂದ್ಯಂತೆ."

"ಯಾರು? ನಾನಾ?"

"ವಯಸ್ಸಾದೋರು ತಾವೇ ಹಿಂದೆ ಸರೀಬೇಕು ಅಂದ್ಯಂತೆ. ಹಾರ್ಮ್ ಇನೆಕೆಗೆ ಹೇಳಿ, ಇನೆಕೆ ಅಮ್ಮನಿಗೆ ಹೇಳಿದಾಳೆ. ಅಳ್ತಾ ಹೇಳಿದಾಳೆ."

ಹಾರ್ಮ್‌ಗೆ ಐವತ್ತೊಂಬತ್ತು. ಆ ಪುಣ್ಯಾತ್ಮ ತನ್ನನ್ನು ವಯಸ್ಸಾದವರ ಪಟ್ಟಿಗೆ ಸೇರಿಸಿಕೊಂಡೇ ಇರಲಿಲ್ಲ. ಈಗ ನಾನು "ಅತ್ತೆಯಲ್ಲ, ಹಾರ್ಮ್" ಎಂದು ಬಾಯಿ ಬಿಟ್ಟರೆ ಅಕ್ಕನಿಗೆ ಬೇಸರ. ಬಿಡದಿದ್ದರೆ ಅತ್ತೆಗೆ ದ್ರೋಹ ಬಗೆದ ಅಳಿಯ. ಯಾವ ಕಡೆ ಕಳೆದರೂ ಶೇಷ ನಾನೇ.

"ಸೈಕಲ್ ತಗೋ," ಎಂದಳು ಮಾರ್ಲೂಸ್. "ಹೋಗಿ ಅಮ್ಮನ ಮುಂದೆ ನಿಂತು ಏನು ಹೇಳ್ತೀಯೋ ಹೇಳು. ಅವಳು ಬರ್ತೀನಿ ಅನ್ನೋವರೆಗೂ ನೀನು ವಾಪಸ್ ಬರ್ಬೇಡ."

ಎದುರುಗಾಳಿಯಲ್ಲಿ ನಾಲ್ಕು ಕಿಲೋಮೀಟರ್ ತುಳಿದೆ. ಅತ್ತೆ ಡಿನಿ ಬಾಗಿಲು ತೆರೆದು, "ಬಾ ಮಗಾ, ದೂರ ಕೂತ್ಕೋ," ಎಂದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಮೇಜಿನ ಮೇಲೆ ಒಂದು ತಟ್ಟೆ, ಒಂದು ಬಾಣಲೆ ಆಗಲೇ ತೊಳೆದು ಇಟ್ಟಿದ್ದಳು, ಹಬ್ಬಕ್ಕೆ ಇನ್ನೂ ನಾಲ್ಕು ದಿನವಿರುವಾಗಲೇ. ಪಕ್ಕದಲ್ಲಿ ಟ್ಯಾಬ್ಲೆಟ್ಟು, ಈ ಸಲ ಚಾರ್ಜರಿನ ವೈರು ಸಹಿತ.

"ನನಗೇನೂ ಬೇಜಾರಿಲ್ಲಪ್ಪ," ಎಂದಳು. "ಈ ಹೊಸ ರೋಗ ಬೇರೆ ಓಡಿಕೊಂಡು ಬರ್ತಿದೆಯಂತೆ. ಚಿಕ್ಕೋರು ನೀವು ಖುಷಿಯಾಗಿರಿ."

ಆ ವೈರನ್ನು ನೋಡಿ ನನಗೆ ಏನಾಯಿತೋ ಏನೋ. ಲೆಕ್ಕ, ಸೂಕ್ಷ್ಮ, ಹಾರ್ಮ್ ಎಲ್ಲ ಮರೆತುಹೋಯಿತು.

"ಹಾಗೆಲ್ಲ ಅನ್ಬೇಡಿ ಅತ್ತೆ. ನೀವಿಲ್ದೆ ಅದೆಂಥ ಹಬ್ಬ? ನೀವೇನು ಅತಿಥಿನಾ? ಆ ಮನೆ ನಿಮ್ದೇ."

ಅತ್ತೆ ಕನ್ನಡಕ ತೆಗೆದು ಒರೆಸಿಕೊಂಡಳು. ಮತ್ತೆ ಹಾಕಿಕೊಂಡು ನನ್ನನ್ನು ನೋಡಿದಳು.

"ಹಾಗಂತೀಯಾ?"

"ಹಾಗೇ ಅಂತೀನಿ."

"ಮನೇಲೇ ಇರೋರು ಆ ನಾಲ್ಕರ ಲೆಕ್ಕಕ್ಕೆ ಬರಲ್ಲ, ಅಲ್ವಾ?"

"ಬರಲ್ಲ ಅತ್ತೆ," ಎಂದೆ. ಮೇಷ್ಟರಲ್ಲವೆ, ಯಾರು ಪ್ರಶ್ನೆ ಕೇಳಿದರೂ ಉತ್ತರ ಬಂದುಬಿಡುತ್ತದೆ.

"ಸರಿ ಹಾಗಾದ್ರೆ. ಬರ್ತೀನಿ ಅಂತ ಮಾರ್ಲೂಸ್‌ಗೆ ಹೇಳು."

ವಾಪಸು ಬರುವಾಗ ಗಾಳಿ ಬೆನ್ನಿಗಿತ್ತು. ಸಿಳ್ಳೆ ಹಾಕಿಕೊಂಡು ಬಂದೆ.

ಗುರುವಾರ ಮಧ್ಯಾಹ್ನ ಹಾರ್ಮ್‌ನ ಕಾರು ನಮ್ಮ ಮನೆಯ ಮುಂದೆ ನಿಂತಿತು. ಕಾರಿನ ತಲೆಯ ಮೇಲೆ ಹಗ್ಗ ಬಿಗಿದುಕೊಂಡು ಅತ್ತೆಯ ಆರಾಮಕುರ್ಚಿ ಆಕಾಶ ನೋಡುತ್ತಾ ಮಲಗಿತ್ತು. ಒಳಗಿನಿಂದ ಎರಡು ಸೂಟ್‌ಕೇಸು, ಹೊಲಿಗೆ ಯಂತ್ರ, ಜೆರೇನಿಯಂ ಕುಂಡಗಳು, ಕೊನೆಗೆ ಅತ್ತೆ ಇಳಿದಳು.

"ಇದೇನು ಇಷ್ಟೊಂದು ಸಾಮಾನು?" ಎಂದೆ. "ಎರಡು ದಿನಕ್ಕೆ?"

"ಎರಡು ದಿನಕ್ಕಲ್ಲ ಅಪ್ಪ," ಎಂದಳು ಫೆಮ್ಕೆ, ಕುಂಡ ಎತ್ತಿಕೊಳ್ಳುತ್ತಾ. "ಅಜ್ಜಿ ವಿಳಾಸ ಬದಲಾಯಿಸಿದಾರೆ. ನಗರಸಭೆ ವೆಬ್‌ಸೈಟಲ್ಲಿ ನಾನೇ ತುಂಬಿಸ್ಕೊಟ್ಟೆ. ಐದು ನಿಮಿಷದ ಕೆಲ್ಸ."

"ಮನೆಯವರ ಒಪ್ಪಿಗೆ ಬೇಡ್ವಾ ಅದಕ್ಕೆ?"

"ಬೇಕು. ಅಮ್ಮ ಸಹಿ ಹಾಕಿದ್ರು."

ನಾನು ಮಾರ್ಲೂಸಳ ಮುಖ ನೋಡಿದೆ. ಅವಳ ಕಣ್ಣಲ್ಲಿ ನೀರು ತುಂಬಿತ್ತು. "ಆ ಮನೆ ನಿಮ್ದೇ ಅಂದ್ಯಂತೆ ವಿಲ್ಬರ್ಟ್. ನನ್ನ ಗಂಡ ಇಂಥವನು ಅಂತ ನನಗೇ ಗೊತ್ತಿರ್ಲಿಲ್ಲ." ಎಲ್ಲರ ಎದುರಿಗೆ ನನ್ನನ್ನು ತಬ್ಬಿಕೊಂಡಳು. ಒಳ್ಳೆಯವನೆಂದು ಹೆಸರು ಬಂದಮೇಲೆ ಮನುಷ್ಯ ಏನು ತಾನೇ ಮಾಡಬಲ್ಲ?

ಹಾರ್ಮ್ ಕುರ್ಚಿಯ ಹಗ್ಗ ಬಿಚ್ಚುತ್ತಾ, "ಲೆಕ್ಕ ಸರಿಹೋಯ್ತು ನೋಡು," ಎಂದ. "ಅತ್ತೆ ಈಗ ಮನೆಯವರು. ಅತಿಥಿಗಳು ನಾವು ನಾಲ್ಕೇ ಜನ. ಇನೆಕೆ, ನಾನು, ಲಿಸ್ಬೆತ್, ಟೋನ್."

ರೂಪಾಂತರಿ ಎಂದರೆ ಏನೆಂದು ಟೀವಿಯಲ್ಲಿ ಎಷ್ಟು ತಜ್ಞರು ಚಿತ್ರ ಬರೆದು ವಿವರಿಸಿದ್ದರೂ ನನಗೆ ಅರ್ಥವಾಗಿರಲಿಲ್ಲ. ಅತ್ತೆ ಅತಿಥಿಯ ರೂಪ ಬಿಟ್ಟು ನಿವಾಸಿಯ ರೂಪ ತಾಳಿ ಹೊಸ್ತಿಲು ದಾಟಿದ ಗಳಿಗೆಯಲ್ಲಿ ಅರ್ಥವಾಯಿತು. ಇದಕ್ಕೆ ಯಾವ ಲಸಿಕೆಯೂ ಇಲ್ಲ.

ಹಬ್ಬ ನಡೆಯಿತು. ಎಲ್ಲರೂ ಮೂಗಿಗೆ ಕಡ್ಡಿ ಹಾಕಿ, ಒಂದೇ ಗೆರೆ ತೋರಿಸಿ ಒಳಗೆ ಬಂದರು. ಹಾರ್ಮ್ ನನ್ನ ಪಕ್ಕದಲ್ಲೇ ಕುಳಿತ. ಒಂದು ಗಂಟೆಯಲ್ಲಿ ನನ್ನ ಬಾಣಲೆಯಿಂದ ನನ್ನ ಬಾಯಿಗೆ ಬಂದದ್ದು ಎರಡು ಅಣಬೆ. ಆದರೂ ಒಂದು ಮಾತು ಹೇಳಬೇಕು. ಅತ್ತೆ ಆ ದಿನ ಊಟ ಮಾಡಿದ್ದಕ್ಕಿಂತ ಹೆಚ್ಚು ಸುತ್ತ ನೋಡಿದಳು. ಒಬ್ಬೊಬ್ಬರ ಮುಖವನ್ನೂ ನೋಡಿ, ಒಂದು ಸುತ್ತು ಮುಗಿಸಿ, ಮತ್ತೆ ಮೊದಲಿನಿಂದ ನೋಡುತ್ತಿದ್ದಳು. ಅದನ್ನು ಕಂಡು ಹಾರ್ಮ್ ನನ್ನ ಮೂರನೆಯ ತುಂಡನ್ನು ತಿಂದದ್ದನ್ನೂ ನಾನು ಕ್ಷಮಿಸಿದೆ.

ಊಟವಾದ ಮೇಲೆ ಪಾತ್ರೆ ತೊಳೆಯುವಾಗ ಅತ್ತೆ ಒರೆಸುವ ಬಟ್ಟೆ ಹಿಡಿದು ಪಕ್ಕಕ್ಕೆ ಬಂದಳು.

"ಆವತ್ತು ನೀನು ಫೋನಲ್ಲಿ ಹೇಳಿದ್ದು ಹಾರ್ಮ್ ವಿಷ್ಯಾನೇ ತಾನೆ?"

ನನ್ನ ಕೈಯಿಂದ ಬಾಣಲೆ ಜಾರಿ ನೀರಿಗೆ ಬಿತ್ತು.

"ವಯಸ್ಸು ಅಂದ್ಯಂತೆ, ಅನುಭವ ಅಂದ್ಯಂತೆ. ದೊಡ್ಡ ಮನಸ್ಸು ಅಂದ್ಯಂತೆ, ಆಗ್ಲೇ ಗೊತ್ತಾಯ್ತು ನನ್ನ ವಿಷ್ಯ ಅಲ್ಲ ಅಂತ. ನನಗೆ ದೊಡ್ಡ ಮನಸ್ಸಿದೆ ಅಂತ ನಮ್ಮ ಯಜಮಾನ್ರೂ ಒಂದಿನ ಅಂದಿದ್ದಿಲ್ಲ."

"ಇನೆಕೆಗೆ ಹೇಳಿದ್ರಾ ಅತ್ತೆ?"

"ಇಲ್ಲಪ್ಪ, ಯಾಕೆ ಹೇಳ್ಲಿ? ಒಂದೇ ಮನೇಲಿರೋರು ನಾವು," ಎಂದು ಬಾಣಲೆ ಒರೆಸಿ ಮೇಲಿನ ಕಪಾಟಿನಲ್ಲಿಟ್ಟಳು. ಅದು ಕೆಳಗಿನ ಕಪಾಟಿಗೆ ಸೇರಿದ್ದು. ನಾನು ಮುಂದಿನ ಬಾಣಲೆಯನ್ನು ತೊಳೆದು ಅವಳ ಕೈಗೆ ಕೊಟ್ಟೆ.

ಜನವರಿಯಲ್ಲಿ ನನ್ನ ಓದುವ ಕೋಣೆ ಅತ್ತೆಯ ಕೋಣೆಯಾಯಿತು. ಗಾಳಿ ಆಡಿದರೆ ವೈರಸ್ಸು ನಿಲ್ಲುವುದಿಲ್ಲವೆಂದು ಬೆಳಿಗ್ಗೆ ಆರಕ್ಕೆ ಎಲ್ಲ ಕಿಟಕಿಗಳೂ ತೆರೆಯುತ್ತಿದ್ದವು. ನಾನು ಮನೆಯೊಳಗೆ ಮಫ್ಲರ್ ಸುತ್ತಿಕೊಂಡು ಮಕ್ಕಳ ಉತ್ತರಪತ್ರಿಕೆ ತಿದ್ದಿದೆ. ದಿನವೂ ಸುದ್ದಿ ನೋಡುತ್ತಿದ್ದೆ. ಇಡೀ ದೇಶದಲ್ಲಿ ನಿರ್ಬಂಧಗಳು ಮುಗಿಯಲಿ ಎಂದು ನನ್ನಷ್ಟು ಹಂಬಲಿಸಿದವನು ಇನ್ನೊಬ್ಬನಿರಲಾರ. ಅಂಗಡಿ ತೆರೆದವು. ಹೋಟೆಲು ತೆರೆದವು. ಫೆಬ್ರವರಿಯ ಕೊನೆಗೆ, ಅಂತೂ ಇಂತೂ, ಮನೆಗೆ ಎಷ್ಟು ಜನ ಬೇಕಾದರೂ ಬರಬಹುದೆಂಬ ಶುಭವಾರ್ತೆ ಬಂತು.

ನಾನು ಪೇಪರು ಹಿಡಿದು ನೇರವಾಗಿ ಅತ್ತೆಯ ಬಳಿಗೆ ಹೋದೆ. ಹತ್ತೂವರೆಯ ಕಾಫಿಯ ಹೊತ್ತು. ಅವಳು ಆರಾಮಕುರ್ಚಿಯಲ್ಲಿ ಕುಳಿತಿದ್ದಳು.

"ಅತ್ತೆ, ಒಳ್ಳೇ ಸುದ್ದಿ. ಲೆಕ್ಕ ಗಿಕ್ಕ ಎಲ್ಲ ಹೋಯ್ತು. ಇನ್ಮೇಲೆ ನೀವು ಯಾವಾಗ ಬೇಕಾದ್ರೂ ಅತಿಥಿಯಾಗಿ ಬರ್ಬಹುದು."

ಅತ್ತೆ ಪೇಪರನ್ನು ತೆಗೆದುಕೊಂಡು ಪೂರ್ತಿ ಓದಿದಳು. ಮಡಿಸಿ ಇಟ್ಟಳು.

"ಅತಿಥಿಯಾಗಿ ಬಂದ್ರೆ ನಮ್ಮೂರ ಪದ್ಧತಿ ಪ್ರಕಾರ ಸಂಜೆ ಊಟದ ಹೊತ್ತಿಗೆ ಎದ್ದು ಹೋಗ್ಬೇಕಲ್ಲಪ್ಪ," ಎಂದಳು. "ಫ್ಲಾಟ್ ಬಿಟ್ಟುಕೊಡ್ತೀನಿ ಅಂತ ಹೋದ ವಾರನೇ ಕಾಗದ ಕಳಿಸ್ದೆ. ಮಾರ್ಲೂಸ್ ಹೇಳ್ಲಿಲ್ವಾ?"

ನಾನು ಎದುರಿನ ಸ್ಟೂಲಿನ ಮೇಲೆ ಕುಳಿತೆ. ನಮ್ಮ ಕಡೆ ಮನೆಗೆ ಬಂದವರಿಗೆ ಕಾಫಿಯ ಜೊತೆ ಒಂದೇ ಒಂದು ಬಿಸ್ಕತ್ತು ಕೊಡುವುದು ರೂಢಿ. ಕೊಟ್ಟ ಕೂಡಲೇ ಮನೆಯೊಡತಿ ಡಬ್ಬಿಯ ಮುಚ್ಚಳ ಹಾಕುತ್ತಾಳೆ. ಎರಡನೆಯದಕ್ಕೆ ಯಾವ ಅತಿಥಿಯೂ ಕೈ ಚಾಚುವುದಿಲ್ಲ.

ಅತ್ತೆ ಡಬ್ಬಿ ತೆರೆದು ನನ್ನ ಮುಂದೆ ಹಿಡಿದಳು. ನಾನು ಒಂದನ್ನು ತೆಗೆದುಕೊಂಡೆ. ಅವಳು ಮುಚ್ಚಳ ಹಾಕಿದಳು.